ರೆಪ್ಲಿಕಾ ರೀಸೆಟ್ ಮಾಡುವ ಮುಂಚೆ ಏನು ನೋಡಿಕೊಳ್ಳಬೇಕು?

ಪ್ರಶ್ನೆ: ನಮ್ಮಲ್ಲಿರುವುದು ಮೈಎಸ್‌ಕ್ಯೂಎಲ್ 8.0 ಡೇಟಾಬೇಸ್. ಕರೆಂಟ್ ಹೋಗಿ ರೆಪ್ಲಿಕಾ ಸರ್ವರ್ (ಮುಖ್ಯ ಸರ್ವರ್‌ನ ಡೇಟಾದ ನಕಲು ಇಟ್ಟುಕೊಳ್ಳುವುದು) ಆಫ್ ಆಗಿತ್ತು. ಈಗ ರಿಲೇ ಲಾಗ್ ಓದಲು ಆಗುತ್ತಿಲ್ಲ ಅಂತ ಎರರ್ ಬರುತ್ತಿದೆ. ‘ರೀಸೆಟ್ ರೆಪ್ಲಿಕಾ’ ಕೊಟ್ಟರೆ ಸರಿಹೋಗುತ್ತಾ? ಡೇಟಾ ಅಳಿಸಿಹೋಗುತ್ತಾ? ಮಾಡಿ ಗೊತ್ತಿರುವವರು ದಯವಿಟ್ಟು ತಿಳಿಸಿ.

ಉತ್ತರ 1: ಟೇಬಲ್‌ಗಳಿಗೆ ಏನೂ ಆಗಲ್ಲ ಸರ್, ಆ ಭಯ ಬಿಡಿ. ಆ ಕಮಾಂಡ್ ಅಳಿಸುವುದು ರಿಲೇ ಲಾಗ್‌ಗಳನ್ನು, ಅಂದರೆ ಮುಖ್ಯ ಸರ್ವರ್‌ನಿಂದ ತಂದು ರೆಪ್ಲಿಕಾದಲ್ಲಿ ಇಟ್ಟುಕೊಂಡ ಬದಲಾವಣೆಗಳ ಫೈಲ್‌ಗಳನ್ನು. ಜೊತೆಗೆ ಸೋರ್ಸ್‌ನ (ಮುಖ್ಯ ಸರ್ವರ್‌ನ) ಬಿನ್‌ಲಾಗ್‌ನಲ್ಲಿ, ಅಂದರೆ ಅಲ್ಲಿನ ಬದಲಾವಣೆಗಳ ದಾಖಲೆಯಲ್ಲಿ, ಎಲ್ಲಿಯವರೆಗೆ ಬಂದಿದ್ದೆ ಅನ್ನುವ ಲೆಕ್ಕವನ್ನೂ ಮರೆಯುತ್ತದೆ. ತೊಂದರೆ ಇರುವುದು ಅಲ್ಲೇ.

ಜಿಟಿಐಡಿ (ಪ್ರತಿ ಟ್ರಾನ್ಸಾಕ್ಷನ್‌ಗೂ ಇರುವ ಬೇರೆ ಬೇರೆ ಗುರುತು) ಆಟೋ ಪೊಸಿಷನ್ ಇದ್ದರೆ ಚಿಂತೆ ಕಡಿಮೆ. ಮುಗಿಸಿದ ಟ್ರಾನ್ಸಾಕ್ಷನ್‌ಗಳ ಪಟ್ಟಿಯನ್ನು ರೀಸೆಟ್ ಮುಟ್ಟುವುದಿಲ್ಲ. ಸ್ಟಾಪ್, ರೀಸೆಟ್, ಸ್ಟಾರ್ಟ್ ಮಾಡಿ, ಉಳಿದದ್ದನ್ನು ಅದೇ ತರಿಸಿಕೊಳ್ಳುತ್ತದೆ.

ಫೈಲ್ ಮತ್ತು ಪೊಸಿಷನ್ ಲೆಕ್ಕದಲ್ಲಿ ನಡೆಯುತ್ತಿದ್ದರೆ ಮಾತ್ರ ಸುಮ್ನೆ ರೀಸೆಟ್ ಕೊಡಬೇಡಿ. ಸ್ಟಾರ್ಟ್ ಮಾಡಿದ ಕೂಡಲೇ ಸೋರ್ಸ್‌ನಲ್ಲಿ ಉಳಿದಿರುವ ಮೊಟ್ಟಮೊದಲ ಬಿನ್‌ಲಾಗ್‌ನಿಂದ ಓದಲು ಶುರು ಮಾಡುತ್ತದೆ. ಇರುವ ಸಾಲನ್ನೇ ಮತ್ತೆ ಹಾಕಲು ಹೋಗಿ 1062 ಡುಪ್ಲಿಕೇಟ್ ಎಂಟ್ರಿ ಅಂತ ನಿಲ್ಲುತ್ತದೆ. ಅದಕ್ಕೆ ಮೊದಲು ‘ಶೋ ರೆಪ್ಲಿಕಾ ಸ್ಟೇಟಸ್’ ಕೊಟ್ಟು, ಬಂದದ್ದನ್ನೆಲ್ಲ ಒಂದು ಫೈಲ್‌ನಲ್ಲಿ ಉಳಿಸಿಕೊಳ್ಳಿ. ಅದರಲ್ಲಿ ಎರಡು ಪೊಸಿಷನ್ ಇರುತ್ತವೆ. ‘ರೀಡ್’ ಅಂತ ಇರುವುದು ಸೋರ್ಸ್‌ನಿಂದ ತಂದಿಟ್ಟುಕೊಂಡದ್ದು. ‘ಎಕ್ಸೆಕ್’ ಅಂತ ಇರುವುದು ನಿಜವಾಗಿ ಟೇಬಲ್‌ಗೆ ಇಳಿದದ್ದು. ರೀಡ್ 412ನೇ ಬಿನ್‌ಲಾಗ್‌ನಲ್ಲಿದ್ದು, ಎಕ್ಸೆಕ್ ಇನ್ನೂ 409ರಲ್ಲೇ ಇರಬಹುದು. ನಡುವಿನದೆಲ್ಲ ಕೆಟ್ಟ ರಿಲೇ ಲಾಗ್‌ನಲ್ಲೇ ಇದೆ, ಅಲ್ವಾ? ರೀಡ್ ಪೊಸಿಷನ್ ಕೊಟ್ಟರೆ ಅಷ್ಟೂ ಬದಲಾವಣೆ ಕೈಬಿಟ್ಟು ಹೋಗುತ್ತದೆ. ಎರರ್ ಕೂಡ ತಕ್ಷಣ ಬರದೇ ಇರಬಹುದು, ಅದೇ ಜಾಸ್ತಿ ಅಪಾಯ. ‘ರಿಲೇ ಸೋರ್ಸ್ ಲಾಗ್ ಫೈಲ್’ ಹೆಸರನ್ನೂ ಎಕ್ಸೆಕ್ ಪೊಸಿಷನ್ನನ್ನೂ ಜೋಡಿಯಾಗಿ ‘ಚೇಂಜ್ ರೆಪ್ಲಿಕೇಷನ್ ಸೋರ್ಸ್’ಗೆ ಕೊಡಿ. 8.0.23ಕ್ಕಿಂತ ಹಳೆಯದಾದರೆ ಇದೇ ಕೆಲಸಕ್ಕೆ ‘ಚೇಂಜ್ ಮಾಸ್ಟರ್’.

ಉತ್ತರ 2: ನಿಮ್ಮ ಕೇಸ್‌ಗೆ ರೀಸೆಟ್ಟೇ ಬೇಕಾಗದೇ ಇರಬಹುದು. ಕಾನ್ಫಿಗ್‌ನಲ್ಲಿ ರಿಲೇ ಲಾಗ್ ರಿಕವರಿ ಆನ್ ಮಾಡಿ ರೆಪ್ಲಿಕಾ ರೀಸ್ಟಾರ್ಟ್ ಮಾಡಿ. ಹಳೆಯ ರಿಲೇ ಲಾಗ್ ಬಿಟ್ಟು, ಎಕ್ಸೆಕ್ ಆದ ಜಾಗದಿಂದ ಮತ್ತೆ ತರಿಸಿಕೊಳ್ಳುತ್ತದೆ. ಕರೆಂಟ್ ಹೋಗಿ ಕೆಟ್ಟ ರೆಪ್ಲಿಕಾಗೆ ನಾನು ಮೊದಲು ಮಾಡುವುದು ಇದನ್ನೇ.

ಉತ್ತರ 3: ‘ರೀಸೆಟ್ ರೆಪ್ಲಿಕಾ ಆಲ್’ ಮಾತ್ರ ಬೇಡ. ಹೋಸ್ಟ್, ಯೂಸರ್, ಪಾಸ್‌ವರ್ಡ್ ಎಲ್ಲ ಹೋಗುತ್ತವೆ. ಆ ಸರ್ವರನ್ನು ರೆಪ್ಲಿಕೇಷನ್‌ನಿಂದ ಪೂರ್ತಿ ತೆಗೆಯುವಾಗ ಅದು ಸರಿ.

ಇನ್ನೊಂದು, ಸೋರ್ಸ್‌ನಲ್ಲಿ ಬೇಕಾದ ಬಿನ್‌ಲಾಗ್ ಇದೆಯಾ ನೋಡಿ. 8.0ರಲ್ಲಿ ಡಿಫಾಲ್ಟ್ ಆಗಿ 30 ದಿನ ಇರುತ್ತವೆ. ಡಿಸ್ಕ್ ಉಳಿಸಲು ಯಾರಾದರೂ ಕಡಿಮೆ ಮಾಡಿದ್ದರೆ 1236 ಎರರ್ ಬರುತ್ತದೆ. ಆಗ ಎಷ್ಟು ರೀಸೆಟ್ ಮಾಡಿದರೂ ಪ್ರಯೋಜನ ಇಲ್ಲ, ಹೊಸ ಬ್ಯಾಕಪ್‌ನಿಂದ ರೆಪ್ಲಿಕಾ ಕಟ್ಟಬೇಕು. 8.0.17ರಿಂದ ಒಂದು ಸರ್ವರ್‌ನ ಡೇಟಾವನ್ನು ಇನ್ನೊಂದಕ್ಕೆ ನಕಲು ಮಾಡುವ ಕ್ಲೋನ್ ಪ್ಲಗಿನ್ ಇದೆ, ಕೆಲಸ ಸುಲಭ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಜಿಟಿಐಡಿ ಇಲ್ಲ, ಬಿನ್‌ಲಾಗ್ ಇದೆ. ಸ್ಟೇಟಸ್ ಉಳಿಸಿಕೊಂಡೆ. ರಾತ್ರಿ ರಿಕವರಿ ಆನ್ ಮಾಡಿ ನೋಡುತ್ತೇನೆ.

ಉತ್ತರ 1: ಒಳ್ಳೆಯದು. ಸ್ಟೇಟಸ್‌ನಲ್ಲಿ ಐಓ (ತರಿಸುವ ಥ್ರೆಡ್), ಎಸ್‌ಕ್ಯೂಎಲ್ (ಟೇಬಲ್‌ಗೆ ಇಳಿಸುವ ಥ್ರೆಡ್) ಎರಡೂ ‘ಯೆಸ್’ ಬಂದು, ಲ್ಯಾಗ್ (ಸೋರ್ಸ್‌ಗಿಂತ ಹಿಂದುಳಿದ ಸಮಯ) ಸೊನ್ನೆಯಾದ ಮೇಲೆ, ಎರಡೂ ಕಡೆಯ ಡೇಟಾ ಒಂದೇ ಇದೆಯಾ ಅಂತ ಹೋಲಿಸುವ ಪಿಟಿ ಟೇಬಲ್ ಚೆಕ್‌ಸಮ್ ಟೂಲ್ ಓಡಿಸಿ. ಅದು ಹೊಂದಿದ ಮೇಲೆ ರಿಪೋರ್ಟ್ ಕ್ವೆರಿಗಳನ್ನು ವಾಪಸ್ ರೆಪ್ಲಿಕಾಗೆ ಬಿಡಿ.