ಇಗ್ನಿಸ್, ಮೊಬಿಲ್‌ಜಿರ್ಜಿ, ಎಮರ್ಸನ್: ಇವೆಲ್ಲ ಒಂದೇ ತಂಡವೇ?

ಕಾಳಿತೀರ (ಕಾರವಾರ):

ನಮ್ಮ ಕಾಲೇಜಿನಲ್ಲಿ ಬಾಸ್ಕೆಟ್‌ಬಾಲ್ ಆಡುವ ಹುಡುಗ ಹುಡುಗಿಯರಿಗಾಗಿ ಒಂದು ಕ್ರೀಡಾ ರಸಪ್ರಶ್ನೆಯನ್ನು ಸಿದ್ಧಪಡಿಸುತ್ತಿದ್ದೇನೆ. ಅದಕ್ಕಾಗಿ ಯುರೋಪಿನ ಚಾಂಪಿಯನ್ನರ ಕಪ್‌ನ ಹಳೆಯ ಫೈನಲ್‌ಗಳ ಪಟ್ಟಿಯನ್ನು ನೋಡುವಾಗ ಒಂದು ಗೊಂದಲ ಎದುರಾಯಿತು. 1970ರಿಂದ 1975ರವರೆಗೆ ಪ್ರತಿ ವರ್ಷದ ಫೈನಲ್‌ನಲ್ಲಿಯೂ ‘ಇಗ್ನಿಸ್’ ಎಂಬ ಇಟಲಿಯ ತಂಡವಿದೆ. 1976, 1977 ಮತ್ತು 1978ರಲ್ಲಿ ಆ ಹೆಸರು ಮಾಯವಾಗಿ ‘ಮೊಬಿಲ್‌ಜಿರ್ಜಿ’ ಎಂಬುದು ಬಂದಿದೆ, 1979ರಲ್ಲಿ ‘ಎಮರ್ಸನ್’ ಎಂದಿದೆ. ಮೂರರ ಜೊತೆಗೂ ವರೇಸೆ ಎಂಬ ಊರಿನ ಹೆಸರಿದೆ.

ನನ್ನ ಪ್ರಶ್ನೆಗಳು ಇವು. ಇವು ಒಂದೇ ಕ್ಲಬ್ ಆಗಿದ್ದರೆ ಒಂದು ಊರಿನ ತಂಡ ಸತತವಾಗಿ ಹತ್ತು ಬಾರಿ ಯುರೋಪಿನ ಫೈನಲ್ ತಲುಪಿದಂತಾಯಿತು, ಹಾಗೆಂದು ಹೇಳಬಹುದೇ? ಆ ಊರಿನ ಜನಸಂಖ್ಯೆ ಸುಮಾರು 80,000 ಎಂದು ಓದಿದೆ, ಅಂದರೆ ಹೆಚ್ಚುಕಡಿಮೆ ನಮ್ಮ ಕಾರವಾರದಷ್ಟು. ಮ್ಯಾಡ್ರಿಡ್, ಮಾಸ್ಕೋಗಳಂತಹ ಮಹಾನಗರಗಳ ಎದುರು ಇಷ್ಟು ಸಣ್ಣ ಊರು ಹತ್ತು ವರ್ಷ ನಿಂತದ್ದು ಹೇಗೆ? ಆ ಕಪ್‌ನ ಈಗಿನ ರೂಪವಾದ ಯೂರೋಲೀಗ್‌ನಲ್ಲಿ ಆ ಹೆಸರು ಏಕೆ ಕಾಣಿಸುವುದಿಲ್ಲ? ತಿಳಿದವರು ವಿವರವಾಗಿ ಬರೆಯಬೇಕಾಗಿ ವಿನಂತಿ.

ಸೋಂದಾ ರಸ್ತೆ (ಶಿರಸಿ):

ಹೌದು, ಒಂದೇ ಕ್ಲಬ್. ಅದರ ನಿಜವಾದ ಹೆಸರು ಪಲ್ಲಾಕನೆಸ್ತ್ರೋ ವರೇಸೆ, ಸ್ಥಾಪನೆಯಾದದ್ದು ಎರಡನೆಯ ಮಹಾಯುದ್ಧ ಮುಗಿದ 1945ರಲ್ಲಿ. ಮಿಲಾನ್‌ನಿಂದ ವಾಯವ್ಯಕ್ಕೆ ಸುಮಾರು ಐವತ್ತು ಕಿಲೋಮೀಟರ್ ದೂರದಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರವಾಗಿ, ಸರೋವರ ಮತ್ತು ಬೆಟ್ಟಗಳ ನಡುವೆ ಇರುವ ಊರು ವರೇಸೆ. ಇಟಲಿಯ ಬಾಸ್ಕೆಟ್‌ಬಾಲ್‌ನಲ್ಲಿ ಕ್ಲಬ್‌ಗೆ ಹಣ ಹೂಡುವ ಕಂಪನಿಯ ಹೆಸರನ್ನು ತಂಡದ ಹೆಸರಿನ ಮುಂದೆಯೇ ಸೇರಿಸುವ ಪದ್ಧತಿ ಬಹಳ ಹಿಂದಿನಿಂದಲೂ ಇದೆ. ಮಿಲಾನ್‌ನ ಒಲಿಂಪಿಯಾ ಕ್ಲಬ್ ಡಬ್ಬಿ ಮಾಂಸದ ಕಂಪನಿಯೊಂದರ ಹೆಸರಿನಲ್ಲಿ ‘ಸಿಮ್ಮೆಂಥಾಲ್’ ಎಂದು ಪ್ರಸಿದ್ಧವಾಗಿ, 1966ರಲ್ಲಿ ಯುರೋಪಿನ ಕಪ್ ಗೆದ್ದ ಮೊದಲ ಇಟಲಿಯ ತಂಡವಾಯಿತು. 1983ರ ಫೈನಲ್ ಇಟಲಿಯ ಎರಡು ತಂಡಗಳ ನಡುವೆಯೇ ನಡೆಯಿತು. ದಾಖಲೆಯಲ್ಲಿ ಅದು ‘ಫೋರ್ಡ್’ ಮತ್ತು ‘ಬಿಲ್ಲಿ’ ಎಂಬ ಹೆಸರುಗಳಲ್ಲಿದೆ. ಮೊದಲನೆಯದು ಕಾಂತು, ಎರಡನೆಯದು ಮಿಲಾನ್. ಕಾರಿನ ಕಂಪನಿಯು ಕಿತ್ತಳೆ ಪಾನೀಯವನ್ನು 69–68ರಿಂದ ಸೋಲಿಸಿತು ಎಂದು ನಗುವವರೂ ಇರಬಹುದು.

ಇಗ್ನಿಸ್ ಎಂಬುದು ಫ್ರಿಜ್ ಮತ್ತು ಇತರ ಗೃಹೋಪಯೋಗಿ ಯಂತ್ರಗಳ ಕಂಪನಿ. ಅದರ ಒಡೆಯ ಜೊವಾನ್ನಿ ಬೋರ್ಗಿ ಮಿಲಾನ್‌ನಲ್ಲಿ ಹುಟ್ಟಿದವರು. ವರೇಸೆಯ ಪಕ್ಕದ ಕೊಮೇರಿಯೊದಲ್ಲಿ ಕಾರ್ಖಾನೆ ಕಟ್ಟಿ, ಯುದ್ಧಾನಂತರದ ಇಟಲಿಯ ಮಧ್ಯಮ ವರ್ಗದ ಅಡಿಗೆಮನೆಗಳಿಗೆ ಫ್ರಿಜ್ ಮುಟ್ಟಿಸಿ ಶ್ರೀಮಂತರಾದರು. ಸೈಕ್ಲಿಂಗ್ ಮತ್ತು ಬಾಕ್ಸಿಂಗ್‌ಗೂ ಅವರು ಹಣ ಹಾಕಿದವರು. 1950ರ ದಶಕದ ಮಧ್ಯದಲ್ಲಿ ಈ ಕ್ಲಬ್ಬನ್ನು ಕೈಗೆತ್ತಿಕೊಂಡರು. 1961ರಲ್ಲಿ ಮೊದಲ ರಾಷ್ಟ್ರೀಯ ಪ್ರಶಸ್ತಿ, 1964ರಲ್ಲಿ ಎರಡನೆಯದು ಬಂದವು. ಮಸ್ನಾಗೊ ಬಡಾವಣೆಯಲ್ಲಿ ತಂಡ ಇಂದಿಗೂ ಆಡುವ ಒಳಾಂಗಣ ಕ್ರೀಡಾಂಗಣ ಆರಂಭವಾದದ್ದೂ 1964ರಲ್ಲಿಯೇ. 1966ರಲ್ಲಿ ಬೇರೆ ಬೇರೆ ಖಂಡಗಳ ಕ್ಲಬ್‌ಗಳು ಸೆಣಸುವ ಖಂಡಾಂತರ ಕಪ್, 1967ರಲ್ಲಿ ಯುರೋಪಿನ ಎರಡನೆಯ ಹಂತದ ಪಂದ್ಯಾವಳಿಯಾದ ಕಪ್ ವಿಜೇತರ ಕಪ್‌ನ ಮೊತ್ತಮೊದಲ ಆವೃತ್ತಿಯ ಗೆಲುವು.

ಇಗ್ನಿಸ್ ಕಂಪನಿಯನ್ನು 1970ರ ದಶಕದ ಆರಂಭದಲ್ಲಿ ಫಿಲಿಪ್ಸ್ ಕೊಂಡಿತು, ಆ ವಿಭಾಗ ಮುಂದೆ ವರ್ಲ್‌ಪೂಲ್‌ನ ಪಾಲಾಯಿತು. ನಮ್ಮ ಮನೆಗಳಲ್ಲಿರುವ ಫ್ರಿಜ್‌ಗಳ ಮೇಲೆ ಕಾಣುವ ಅದೇ ವರ್ಲ್‌ಪೂಲ್. ಬೋರ್ಗಿ ತೀರಿಕೊಂಡದ್ದು 1975ರಲ್ಲಿ, ತಂಡದ ಅಂಗಿಯಿಂದ ಇಗ್ನಿಸ್ ಹೆಸರು ಇಳಿದದ್ದೂ ಅದೇ ವರ್ಷ. ಆ ಮೇಲೆ ಪೀಠೋಪಕರಣದ ಕಂಪನಿಯ ಹೆಸರು ಮೊಬಿಲ್‌ಜಿರ್ಜಿ, ನಂತರ ಎಲೆಕ್ಟ್ರಾನಿಕ್ಸ್ ಕಂಪನಿಯ ಹೆಸರು ಎಮರ್ಸನ್. ಆಟಗಾರರು ಬಹುಮಟ್ಟಿಗೆ ಅವರೇ.

ಫೈನಲ್‌ಗಳ ಲೆಕ್ಕ ಹೀಗಿದೆ. 1970ರಲ್ಲಿ ಸರಾಯೆವೊದಲ್ಲಿ ಮಾಸ್ಕೋದ ಸಿಎಸ್‌ಕೆಎ ವಿರುದ್ಧ 79–74ರ ಗೆಲುವು. 1971ರಲ್ಲಿ ಅದೇ ತಂಡಕ್ಕೆ ಸೋಲು. 1972ರಲ್ಲಿ ಸ್ಪ್ಲಿಟ್‌ನ ಯೂಗೊಪ್ಲಾಸ್ಟಿಕಾ ವಿರುದ್ಧ 70–69, ಒಂದೇ ಅಂಕದ ಗೆಲುವು. 1973ರಲ್ಲಿ ಮತ್ತೆ ಸಿಎಸ್‌ಕೆಎ ವಿರುದ್ಧ 71–66. 1974ರಲ್ಲಿ ರಿಯಲ್ ಮ್ಯಾಡ್ರಿಡ್‌ಗೆ ಎರಡು ಅಂಕಗಳಿಂದ ಸೋತು, ಮುಂದಿನ ಎರಡು ವರ್ಷ ಅದೇ ರಿಯಲ್ ಮ್ಯಾಡ್ರಿಡನ್ನು 79–66 ಮತ್ತು 81–74ರಿಂದ ಸೋಲಿಸಿ ಕಪ್ ಗೆದ್ದರು. ಆ ಬಳಿಕ ಮೂರು ಸೋಲುಗಳು: 1977ರಲ್ಲಿ ಮಕ್ಕಾಬಿ ಟೆಲ್ ಅವೀವ್‌ಗೆ 78–77, 1978ರಲ್ಲಿ ರಿಯಲ್‌ಗೆ 75–67, 1979ರಲ್ಲಿ ಬೋಸ್ನಾ ಸರಾಯೆವೊಗೆ 96–93. ಹತ್ತರಲ್ಲಿ ಐದು ಗೆಲುವು, ಐದು ಸೋಲು. ಸತತ ಹತ್ತು ಫೈನಲ್‌ಗಳ ಈ ದಾಖಲೆಯನ್ನು ಬೇರೆ ಯಾವ ತಂಡವೂ ಸರಿಗಟ್ಟಿಲ್ಲ. ಕೊನೆಯ ಮೂರು ಸೋಲುಗಳಲ್ಲಿ ಎರಡು ಎಷ್ಟು ಕಡಿಮೆ ಅಂತರದವು ಎಂಬುದನ್ನೂ ಗಮನಿಸಿ; 1979ರಲ್ಲಂತೂ ಬೋಸ್ನಾದ ವರಾಯಿಚ್ ಒಬ್ಬರೇ 45 ಅಂಕ ಗಳಿಸದೆ ಇದ್ದಿದ್ದರೆ ಕಥೆ ಬೇರೆಯಾಗುತ್ತಿತ್ತು.

ಅಘನಾಶಿನಿ (ಕುಮಟಾ):

ಸೋಂದಾ ರಸ್ತೆಯವರು ಕೊಟ್ಟ ವಿವರಗಳಿಗೆ ನನ್ನ ತಕರಾರಿಲ್ಲ; ಆದರೆ ಅವರ ಬರಹವನ್ನು ಓದಿದವರಿಗೆ ಫ್ರಿಜ್ ಮಾರಿ ಬಂದ ಹಣವೇ ಈ ಗೆಲುವುಗಳಿಗೆ ಕಾರಣ ಎಂದು ಅನ್ನಿಸಬಹುದು. ಹಣವಿದ್ದ ಕ್ಲಬ್‌ಗಳು ಆಗ ಇಟಲಿಯಲ್ಲಿ ಬೇಕಾದಷ್ಟಿದ್ದವು, ಪಕ್ಕದ ಮಿಲಾನ್‌ನಲ್ಲಿಯೇ ಇತ್ತು. ಬೋರ್ಗಿಯವರ ಹಣ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಹರಿಯುತ್ತಿದ್ದರೂ ಯುರೋಪಿನ ದೊಡ್ಡ ಕಪ್ ಬಂದದ್ದು 1970ರಲ್ಲಿ. ಆ ಹೊತ್ತಿಗೆ ಬದಲಾದದ್ದೇನು ಎಂದು ಕೇಳಬೇಕು.

ಬದಲಾದದ್ದು ತರಬೇತುದಾರ. 1969ರಲ್ಲಿ ಯುಗೋಸ್ಲಾವಿಯಾದ ಅಲೆಕ್ಸಾಂಡರ್ ನಿಕೋಲಿಚ್ ವರೇಸೆಗೆ ಬಂದರು. ‘ಪ್ರೊಫೆಸರ್’ ಎಂದೇ ಕರೆಸಿಕೊಳ್ಳುತ್ತಿದ್ದ ಅವರು ಯುಗೋಸ್ಲಾವ್ ಬಾಸ್ಕೆಟ್‌ಬಾಲ್‌ಗೆ ಅಡಿಪಾಯ ಹಾಕಿದವರಲ್ಲಿ ಒಬ್ಬರು, ಕಠಿಣ ಅಭ್ಯಾಸ ಮತ್ತು ರಕ್ಷಣಾತ್ಮಕ ಶಿಸ್ತಿಗೆ ಹೆಸರಾದವರು. ಅವರಿದ್ದ ನಾಲ್ಕು ಋತುಗಳಲ್ಲಿ ಮೂರು ರಾಷ್ಟ್ರೀಯ ಪ್ರಶಸ್ತಿ, ಮೂರು ಯುರೋಪಿನ ಕಪ್. 1970 ಮತ್ತು 1973, ಈ ಎರಡು ವರ್ಷಗಳಲ್ಲಿ ಲೀಗ್, ಇಟಲಿಯ ಕಪ್, ಯುರೋಪಿನ ಕಪ್, ಖಂಡಾಂತರ ಕಪ್ ನಾಲ್ಕೂ ಒಂದೇ ತಂಡದ ಪಾಲಾದವು. ಅವರ ನಂತರ ಬಂದ ಸಾಂದ್ರೊ ಗಾಂಬಾ ಎದುರಾಳಿ ಮಿಲಾನ್‌ನಲ್ಲಿ ಆಡಿ, ಅಲ್ಲಿಯೇ ಸಹಾಯಕ ತರಬೇತುದಾರರಾಗಿದ್ದವರು. ಅವರ ಕಾಲದಲ್ಲಿ ಇನ್ನೆರಡು ಯುರೋಪಿನ ಕಪ್‌ಗಳು ಬಂದವು. ಅದೇ ಗಾಂಬಾ 1983ರಲ್ಲಿ ಇಟಲಿಯ ರಾಷ್ಟ್ರೀಯ ತಂಡಕ್ಕೆ ಯುರೋಪಿನ ಚಿನ್ನ ಗೆಲ್ಲಿಸಿದರು.

ಎರಡನೆಯ ಕಾರಣ, ಆಟಗಾರರನ್ನು ಚಿಕ್ಕಂದಿನಲ್ಲಿ ಗುರುತಿಸಿ ಬಹುಕಾಲ ಉಳಿಸಿಕೊಂಡದ್ದು. ಆಟವನ್ನು ನಡೆಸುತ್ತಿದ್ದ ಆಲ್ದೊ ಓಸ್ಸೋಲಾ ವರೇಸೆಯಲ್ಲಿಯೇ ಹುಟ್ಟಿದವರು. 1950ರಲ್ಲಿ ಹುಟ್ಟಿದ ದೀನೊ ಮೆನೆಗಿನ್ ಎಂಬ ಎತ್ತರದ ಹುಡುಗನನ್ನು ಶಾಲಾ ವಯಸ್ಸಿನಲ್ಲಿಯೇ ಗುರುತಿಸಿದವರು ನೀಕೊ ಮೆಸ್ಸೀನಾ; ಹದಿನಾರರ ವಯಸ್ಸಿನಲ್ಲಿ ಆತ ಮೊದಲ ದರ್ಜೆಯ ಆಟಕ್ಕಿಳಿದ. ಆಗ ಇಟಲಿಯ ಲೀಗ್‌ನಲ್ಲಿ ಒಬ್ಬ ವಿದೇಶಿ ಆಟಗಾರನಿಗೆ ಮಾತ್ರ ಅವಕಾಶವಿತ್ತು, ಯುರೋಪಿನ ಪಂದ್ಯಗಳಲ್ಲಿ ಇನ್ನೊಬ್ಬನನ್ನು ಸೇರಿಸಿಕೊಳ್ಳಬಹುದಿತ್ತು. ಹೀಗಿರುವಾಗ ಹಣವಿದೆಯೆಂದು ಹೊರಗಿನ ಹತ್ತು ಜನರನ್ನು ಕೊಂಡು ತರುವಂತಿರಲಿಲ್ಲ. ತಂಡದ ಬಹುಪಾಲನ್ನು ದೇಶದೊಳಗೆಯೇ ಬೆಳೆಸಬೇಕಿತ್ತು, ಒಬ್ಬ ವಿದೇಶಿಯ ಆಯ್ಕೆ ತಪ್ಪಿದರೆ ವರ್ಷವೇ ಹೋಯಿತು. ವರೇಸೆಯ ಆಯ್ಕೆಗಳು ತಪ್ಪಲಿಲ್ಲ. ಮೆಕ್ಸಿಕೊದ ಮಾನ್ವೆಲ್ ರಾಗಾ 1968ರಲ್ಲಿ ಬಂದರು; ಎತ್ತರ ಹೆಚ್ಚಿಲ್ಲದಿದ್ದರೂ ಅವರ ಜಿಗಿತವನ್ನು ಕಂಡು ಜನ ‘ಹಾರುವ ಮೆಕ್ಸಿಕನ್’ ಎಂದರು. 1972ರಲ್ಲಿ ಅಮೆರಿಕದ ಬಾಬ್ ಮೋರ್ಸ್ ಬಂದ ಮೇಲೆ ಲೀಗ್ ಪಂದ್ಯಗಳನ್ನು ಮೋರ್ಸ್ ಆಡಿದರು, ರಾಗಾ ಯುರೋಪಿನ ಪಂದ್ಯಗಳಿಗೆ ಮೀಸಲಾದರು. ದೂರದಿಂದ ತಪ್ಪದೆ ಚೆಂಡು ಹಾಕುತ್ತಿದ್ದ ಮೋರ್ಸ್ ಅಲ್ಲಿ ಒಂಬತ್ತು ಋತು ಉಳಿದರು. 1970ರಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಅಟ್ಲಾಂಟಾ ಹಾಕ್ಸ್ ತಂಡ ಮೆನೆಗಿನ್ ಮತ್ತು ರಾಗಾ ಇಬ್ಬರನ್ನೂ ಡ್ರಾಫ್ಟ್‌ನಲ್ಲಿ, ಅಂದರೆ ಹೊಸ ಆಟಗಾರರ ವಾರ್ಷಿಕ ಆಯ್ಕೆಯಲ್ಲಿ, ಆರಿಸಿತ್ತು, ಇಬ್ಬರೂ ಹೋಗಲಿಲ್ಲ.

ಆದ್ದರಿಂದ ಬೋರ್ಗಿಯವರ ದೊಡ್ಡತನ ಹಣ ಕೊಟ್ಟದ್ದರಲ್ಲಿ ಅಷ್ಟಿಲ್ಲ, ಆ ಹಣವನ್ನು ನಿಕೋಲಿಚ್ ಅವರಂತಹವರ ಕೈಗೆ ಕೊಟ್ಟದ್ದರಲ್ಲಿದೆ ಎಂಬುದು ನನ್ನ ಅಭಿಪ್ರಾಯ. ಇಗ್ನಿಸ್ ಹೋದ ಮರುವರ್ಷವೇ ಬೇರೆ ಹೆಸರಿನಲ್ಲಿ ತಂಡ ಯುರೋಪಿನ ಕಪ್ ಗೆದ್ದದ್ದು ಇದಕ್ಕೆ ಸಾಕ್ಷಿ.

ಕಾಳಿತೀರ (ಕಾರವಾರ):

ಇಬ್ಬರಿಗೂ ಧನ್ಯವಾದಗಳು. ಒಂದು ಸಂಶಯ ಉಳಿದಿದೆ. ಹೆಸರೂ ಒಡೆಯರೂ ಬದಲಾಗುತ್ತಲೇ ಇದ್ದರೆ, ಹಳೆಯ ಪ್ರಶಸ್ತಿಗಳು ಈಗಿನ ಕ್ಲಬ್‌ಗೆ ಸೇರಿದವು ಎಂದು ಅಲ್ಲಿನವರು ಯಾವ ಆಧಾರದ ಮೇಲೆ ಹೇಳುತ್ತಾರೆ? ಜೊತೆಗೆ 1979ರ ನಂತರ ಏನಾಯಿತೆಂದು ಯಾರೂ ಬರೆಯಲಿಲ್ಲ.

ಹೊನ್ನಾವರದ ಮಾಸ್ತರ:

ಕಾಳಿತೀರದವರ ಸಂಶಯಕ್ಕೆ ನಮ್ಮ ಕಡೆಯ ಯಕ್ಷಗಾನ ಮೇಳಗಳನ್ನು ಬಲ್ಲವರಿಗೆ ಉತ್ತರ ಸುಲಭವಾಗಿ ಹೊಳೆಯುತ್ತದೆ. ಕ್ಷೇತ್ರದ ಮೇಳದ ಯಜಮಾನ ಬದಲಾಗುತ್ತಾನೆ, ಭಾಗವತರು ಬದಲಾಗುತ್ತಾರೆ, ವೇಷಧಾರಿಗಳು ಒಂದು ಮೇಳದಿಂದ ಇನ್ನೊಂದಕ್ಕೆ ಹೋಗುತ್ತಾರೆ. ಆದರೂ ದೇವರ ಹೆಸರು ಹಾಗೆಯೇ ಇರುವುದರಿಂದ ಮೇಳ ಅದೇ ಎನ್ನುತ್ತೇವೆ. ವರೇಸೆಯವರಲ್ಲಿ ಯಜಮಾನನ ಹೆಸರೇ ಫಲಕದ ಮೇಲೆ ದೊಡ್ಡದಾಗಿ ಇರುತ್ತಿತ್ತು ಎಂಬುದಷ್ಟೇ ವ್ಯತ್ಯಾಸ. ಆಗಿನ ಚಿತ್ರಗಳಲ್ಲಿ ಮೆನೆಗಿನ್ ತೊಟ್ಟಿರುವುದು ಇಗ್ನಿಸ್‌ನ ಹಳದಿ ಅಂಗಿ. ಊರಿನ ಬಣ್ಣಗಳು ಕೆಂಪು ಮತ್ತು ಬಿಳಿ. ನೋಂದಾಯಿತ ಕ್ಲಬ್, ಅದರ ಕ್ರೀಡಾಂಗಣ, ಲೀಗ್‌ನಲ್ಲಿ ಅದರ ಸ್ಥಾನ, ಅದರ ಕಿರಿಯರ ತಂಡಗಳು ಮುರಿಯದೆ ಮುಂದುವರಿದವು. ಆದ್ದರಿಂದ ಪ್ರಶಸ್ತಿಗಳ ಎಣಿಕೆಯೂ ಒಂದೇ ಖಾತೆಯಲ್ಲಿ ನಡೆಯುತ್ತದೆ: ಹತ್ತು ರಾಷ್ಟ್ರೀಯ ಪ್ರಶಸ್ತಿ, ಐದು ಯುರೋಪಿನ ಕಪ್. ಹತ್ತು ರಾಷ್ಟ್ರೀಯ ಪ್ರಶಸ್ತಿ ಪೂರೈಸಿದ ಕ್ಲಬ್ ಇಟಲಿಯಲ್ಲಿ ಅಂಗಿಯ ಮೇಲೆ ನಕ್ಷತ್ರ ಧರಿಸುವ ಗೌರವಕ್ಕೆ ಪಾತ್ರವಾಗುತ್ತದೆ. ವರೇಸೆಗೆ ಆ ನಕ್ಷತ್ರ ಸಂದಿದೆ.

ಇನ್ನು 1979ರ ನಂತರದ ಮಾತು. 1980ರಲ್ಲಿ ಎಮರ್ಸನ್ ಹೆಸರಿನಲ್ಲಿಯೇ ಮಿಲಾನ್‌ನಲ್ಲಿ ನಡೆದ ಫೈನಲ್‌ನಲ್ಲಿ ನೆರೆಯ ಕಾಂತುವನ್ನು 90–88ರಿಂದ ಸೋಲಿಸಿ ಕಪ್ ವಿಜೇತರ ಕಪ್ಪನ್ನು ಎರಡನೆಯ ಬಾರಿ ಗೆದ್ದರು. ಅದರ ಬೆನ್ನಿಗೇ ತಂಡ ಕರಗತೊಡಗಿತು. ಮೆನೆಗಿನ್ ಮಿಲಾನ್‌ಗೆ ಹೋಗಿ ಅಲ್ಲಿ 1987 ಮತ್ತು 1988ರಲ್ಲಿ ಇನ್ನೆರಡು ಯುರೋಪಿನ ಕಪ್ ಗೆದ್ದರು. ಮೋರ್ಸ್ 1981ರಲ್ಲಿ ಹೊರಟರು. 1980ರ ದಶಕದಲ್ಲಿ, ಹಿಂದೆ ತಾವೇ ತಂಡದಲ್ಲಿ ಆಡಿದ್ದ ಸ್ಥಳೀಯ ಉದ್ಯಮಿ ತೋತೊ ಬುಲ್ಗೆರೋನಿ ಅಧ್ಯಕ್ಷರಾಗಿ ಕ್ಲಬ್ಬನ್ನು ಮರ್ಯಾದೆಯಿಂದ ನಡೆಸಿದರು, ಆದರೆ ದೊಡ್ಡ ಪ್ರಶಸ್ತಿ ದಕ್ಕಲಿಲ್ಲ. 1992ರಲ್ಲಿ ತಂಡ ಎರಡನೆಯ ದರ್ಜೆಗೆ ಇಳಿದೇ ಬಿಟ್ಟಿತು.

ಇಷ್ಟಾಗಿಯೂ ನನಗೆ ಈ ಕ್ಲಬ್‌ನ ಚರಿತ್ರೆಯಲ್ಲಿ ಅತಿ ಪ್ರಿಯವಾದ ಭಾಗ 1999. ಕಾರ್ಲೊ ರೆಕಾಲ್ಕಾತಿಯವರ ತರಬೇತಿಯಲ್ಲಿ, ತಲೆಗೆ ಬಣ್ಣ ಹಚ್ಚಿಕೊಂಡು ಚೇಷ್ಟೆ ಮಾಡುತ್ತ ಆಡುವ ಜಾನ್‌ಮಾರ್ಕೊ ಪೊಜ್ಜೆಕ್ಕೊ, ಕ್ರೊಯೇಷಿಯಾದ ವೆಲ್ಕೊ ಮ್ರ್ಶಿಚ್, ಎತ್ತರದ ಜಾಕೊಮೊ ಗಲಾಂದಾ ಮತ್ತು ದೀನೊ ಅವರ ಮಗ ಆಂದ್ರೆಯಾ ಮೆನೆಗಿನ್ ಇದ್ದ ತಂಡ, ಬಟ್ಟೆ ಕಂಪನಿ ಬೆನೆಟ್ಟನ್ನಿನ ಬೆಂಬಲವಿದ್ದ ಬಲಿಷ್ಠ ತ್ರೆವೀಸೊವನ್ನು ಫೈನಲ್ ಸರಣಿಯಲ್ಲಿ 3–0ರಿಂದ ಸೋಲಿಸಿ ಹತ್ತನೆಯ ಪ್ರಶಸ್ತಿ ಗೆದ್ದಿತು. ಒಂಬತ್ತನೆಯದು ಬಂದದ್ದು 1978ರಲ್ಲಿ. ನಡುವೆ ಇಪ್ಪತ್ತೊಂದು ವರ್ಷ. ಆಗ ಅಂಗಿಯ ಮೇಲೆ ಪ್ರಾಯೋಜಕರ ಬದಲು ‘ರೂಸ್ಟರ್ಸ್’ ಎಂದಿತ್ತು ಎಂಬುದನ್ನು ಅಘನಾಶಿನಿಯವರು ತಮ್ಮ ವಾದಕ್ಕೆ ಸೇರಿಸಿಕೊಳ್ಳಬಹುದು. ಅದೇ ಬೇಸಿಗೆಯಲ್ಲಿ ಇಟಲಿ ಯುರೋಪಿನ ಚಾಂಪಿಯನ್ ಆದಾಗ ಆಂದ್ರೆಯಾ ಮತ್ತು ಗಲಾಂದಾ ಆ ತಂಡದಲ್ಲಿಯೂ ಇದ್ದರು. ದೀನೊ ಎಷ್ಟು ದೀರ್ಘಕಾಲ ಆಡಿದರೆಂದರೆ, 1990ರಲ್ಲಿ ತ್ರಿಯೆಸ್ತೆಯ ಪರವಾಗಿ ಆಡುತ್ತಿದ್ದಾಗ ವರೇಸೆಯ ಅಂಗಿ ತೊಟ್ಟ ಈ ಮಗನನ್ನೇ ಅಂಕಣದಲ್ಲಿ ಎದುರಿಸಿದರು.

ಯೂರೋಲೀಗ್‌ನಲ್ಲಿ ಏಕಿಲ್ಲ ಎಂಬುದಕ್ಕೆ ಉತ್ತರ ಬೇರೆ ದಿಕ್ಕಿನಲ್ಲಿದೆ, ಮತ್ತು ಇಲ್ಲಿ ನಾನು ಅಘನಾಶಿನಿಯವರ ಮಾತನ್ನು ಪೂರ್ತಿ ಒಪ್ಪಲಾರೆ. 1970ರ ದಶಕದಲ್ಲಿ ವಿದೇಶಿ ಆಟಗಾರರ ಮೇಲಿನ ಮಿತಿಯೇ ಸಣ್ಣ ಊರಿಗೆ ರಕ್ಷಣೆಯಾಗಿತ್ತು. ಯುರೋಪಿಯನ್ ಒಕ್ಕೂಟದೊಳಗಿನ ಆಟಗಾರರ ಮೇಲೆ ಇಂತಹ ಮಿತಿ ಹಾಕಬಾರದೆಂದ ಯುರೋಪಿನ ನ್ಯಾಯಾಲಯದ 1995ರ ಬೋಸ್ಮನ್ ತೀರ್ಪಿನ ನಂತರ ಆ ಗೋಡೆ ಬಿದ್ದು, ಯಾರ ಬಳಿ ಹೆಚ್ಚು ಹಣವಿದೆಯೋ ಅವರು ಯಾವ ದೇಶದಿಂದಲಾದರೂ ಆಟಗಾರರನ್ನು ಕರೆತರುವಂತಾಯಿತು. ಜೊತೆಗೆ 2000ದಿಂದ ಯೂರೋಲೀಗ್ ಕ್ಲಬ್‌ಗಳೇ ಕಟ್ಟಿಕೊಂಡ ಪ್ರತ್ಯೇಕ ಸಂಸ್ಥೆಯ ಕೈಗೆ ಹೋಯಿತು. ಅಲ್ಲಿ ದೀರ್ಘಾವಧಿಯ ಪರವಾನಗಿ ದೊಡ್ಡ ನಗರಗಳ, ದೊಡ್ಡ ಸಭಾಂಗಣಗಳ ಕ್ಲಬ್‌ಗಳಿಗೆ ದೊರೆಯಿತು. ದೇಶದ ಲೀಗ್ ಗೆದ್ದವರೆಲ್ಲ ತಾವಾಗಿಯೇ ಯುರೋಪಿನ ಮೇಲಿನ ಹಂತಕ್ಕೆ ಹೋಗುತ್ತಿದ್ದ ಕಾಲ ಅಲ್ಲಿಗೆ ಮುಗಿಯಿತು. ಎಷ್ಟೇ ಒಳ್ಳೆಯ ತರಬೇತುದಾರನಿದ್ದರೂ ಈ ಲೆಕ್ಕವನ್ನು ಮೀರುವುದು ಕಷ್ಟ.

2008ರಲ್ಲಿ ಮತ್ತೊಮ್ಮೆ ಕೆಳಗಿಳಿದು, ಮರುವರ್ಷವೇ ಮೇಲೆ ಬಂದ ತಂಡವನ್ನು ಮುಂದೆ ಊರಿನ ಹಲವು ಉದ್ಯಮಿಗಳು ಒಂದು ಒಕ್ಕೂಟ ಮಾಡಿಕೊಂಡು ನಡೆಸಿದರು. ಅಭಿಮಾನಿಗಳ ಸಂಘವೊಂದೂ ಕ್ಲಬ್‌ನಲ್ಲಿ ಪಾಲು ಪಡೆಯಿತು. ಒಬ್ಬ ಬೋರ್ಗಿ ಮಾಡುತ್ತಿದ್ದುದನ್ನು ಅನೇಕರು ಚಂದಾ ಹಾಕಿ ಮಾಡಬೇಕಾದ ಸ್ಥಿತಿ ಅದು. 2016ರಲ್ಲಿ, ಯೂರೋಲೀಗ್‌ಗಿಂತ ಕೆಳಗಿನ ಹಂತದ ಫಿಬಾ ಯುರೋಪ್ ಕಪ್‌ನ ಫೈನಲ್ ತಲುಪಿ ಫ್ರಾಂಕ್‌ಫರ್ಟ್ ತಂಡಕ್ಕೆ 66–62ರಿಂದ ಸೋತರು. 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಅರ್ಜೆಂಟೀನಾದ ಲೂಯಿಸ್ ಸ್ಕೋಲಾ ತಮ್ಮ ಕೊನೆಯ ಕ್ಲಬ್ ಋತುವನ್ನು 2020–21ರಲ್ಲಿ ಇಲ್ಲಿಯೇ ಆಡಿ, ಅನಂತರ ಇದೇ ಕ್ಲಬ್‌ನ ಆಡಳಿತದ ಹೊಣೆ ವಹಿಸಿಕೊಂಡರು. ಫ್ರಿಜ್ ಮಾರುವವರ ನಂತರ ಈಗ ಆಟಗಾರನೊಬ್ಬ ಯಜಮಾನನ ಪೀಠದಲ್ಲಿದ್ದಾರೆ. ಅಂಗಿಯ ಮೇಲಿನ ಹೆಸರು ಮಾತ್ರ ಉದ್ಯೋಗ ಕೊಡಿಸುವ ಕಂಪನಿಯೊಂದರದು.