ಜರ್ಮನಿಯ ಎರ್ಲಾಂಗೆನ್‌ನಲ್ಲಿ ಓಡೋಕೆ ಕೆರೆ, ಕಾಡು, ಹುಲ್ಲುಗಾವಲು ದಾರಿ ಯಾವ್ದು ಚೆನ್ನಾಗಿದೆ? ಅನುಭವ ಇರೋರು ಹೇಳಿ ಪ್ಲೀಸ್

ಲಾಲ್‌ಬಾಗ್ ಸುತ್ತು
ಎಲ್ಲರಿಗೂ ನಮಸ್ಕಾರ. ಎರ್ಲಾಂಗೆನ್‌ಗೆ ಬಂದು ಆರು ವಾರ ಆಯ್ತು, ಮನೆ ರೋಟೆಲ್‌ಹೈಮ್ ಪಾರ್ಕ್ ಹತ್ರ. ಬೆಂಗಳೂರಲ್ಲಿ ವಾರಕ್ಕೆ ಮೂರು ದಿನ 6-8 ಕಿ.ಮೀ. ಓಡ್ತಿದ್ದೆ, ತಿಂಗಳಿಗೊಂದ್ಸಲ 15. ಇಲ್ಲಿ ಬಂದ್ಮೇಲೆ ಬರೀ ಫುಟ್‌ಪಾತ್ ಮೇಲೆ ಓಡಿ ಓಡಿ ಮೊಣಕಾಲು ಕಿರಿಕಿರಿ ಶುರುವಾಗಿದೆ. ಮ್ಯಾಪ್ ತೆಗೆದ್ರೆ ಸುತ್ತ ಎಲ್ಲಾ ಹಸಿರೇ, ಆದ್ರೆ ಯಾವ ಕಡೆಗೆ ನುಗ್ಬೇಕು ಅಂತ ಗೊತ್ತಾಗ್ತಿಲ್ಲ. ಮಣ್ಣಿನ ದಾರಿ ಬೇಕು, ಕೆರೆ ಇದ್ರೆ ಇನ್ನೂ ಖುಷಿ. ಮತ್ತೆ ನಾನು ಒಬ್ಬಳೇ ಓಡೋದು, ಕಾಡಲ್ಲಿ ಪರವಾಗಿಲ್ವಾ? ಮನೇಲಿ ಅಮ್ಮ ಫೋನ್ ಮಾಡ್ದಾಗೆಲ್ಲ ಅದೇ ಕೇಳ್ತಾರೆ.

ಮಂಡ್ಯದ ಓಟ
ರೋಟೆಲ್‌ಹೈಮ್ ಪಾರ್ಕಲ್ಲಿ ಮನೆ ಅಂದ್ರೆ ನಿಮ್ಗೆ ಲಾಟ್ರಿ ಹೊಡ್ದಂಗೆ ಕಣ್ರೀ, ನೀವಿನ್ನೂ ನೋಡ್ಕೊಂಡಿಲ್ಲ ಅಷ್ಟೆ. ಪಕ್ಕದಲ್ಲೇ ಎಕ್ಸರ್ಸಿಯರ್‌ಪ್ಲಾಟ್ಸ್ ಇದೆ, ಹೆಸ್ರೇ ಹೇಳೋ ಹಾಗೆ ಒಂದ್ ಕಾಲದಲ್ಲಿ ಸಿಪಾಯಿಗಳು ಕವಾಯತು ಮಾಡ್ತಿದ್ದ ಬಯಲು, ಆಮೇಲೆ ಅಮೆರಿಕನ್ ಸೈನ್ಯ ಇಟ್ಕೊಂಡಿತ್ತು, ತೊಂಬತ್ತರ ದಶಕದಲ್ಲಿ ಅವ್ರು ಖಾಲಿ ಮಾಡಿದ್ಮೇಲೆ ನೀವಿರೋ ಬಡಾವಣೆನೇ ಎದ್ದಿದ್ದು. ಬಯಲು ಮಾತ್ರ ಹಾಗೇ ಉಳ್ಕೊಂಡು ಈಗ ಸಂರಕ್ಷಿತ ಜಾಗ ಆಗಿದೆ. ನೆಲ ಪೂರ್ತಿ ಮರಳು. ಎರ್ಲಾಂಗೆನ್ ಕೂತಿರೋದೇ ಮರಳಿನ ಮೇಲೆ, ಅದಕ್ಕೇ ಎಷ್ಟೇ ಮಳೆ ಬಂದ್ರೂ ಅಲ್ಲಿ ಕೆಸರು ನಿಲ್ಲಲ್ಲ, ಒಂದ್ ಗಂಟೇಲಿ ಹೀರ್ಕೊಂಡ್ಬಿಡುತ್ತೆ. ಮೊಣಕಾಲಿಗೆ ಅದೇ ಔಷಧಿ. ಆದ್ರೆ ಆಗಸ್ಟಲ್ಲಿ ಒಣಗಿ ಸಡಿಲ ಆದಾಗ ಪಾದ ಹಿಂದಕ್ಕೆ ಜಾರುತ್ತೆ, ಮೀನಖಂಡ ಹಿಡ್ಕೊಳ್ಳುತ್ತೆ, ಆಗ ಅಲ್ಲಿ ಸ್ಪೀಡ್ ಎಲ್ಲ ಬೇಡ.

ಅಲ್ಲಿಂದ ದಕ್ಷಿಣಕ್ಕೆ ಹೋಗಿ ಯೂನಿವರ್ಸಿಟಿ ಟೆಕ್ನಿಕಲ್ ಫ್ಯಾಕಲ್ಟಿ ದಾಟಿದ್ರೆ ಬ್ರುಕರ್ ಲಾಖೆ ಕಾಡು. ಲಾಖೆ ಅಂದ್ರೆ ನೀರು ನಿಲ್ಲೋ ತಗ್ಗು. ಪೈನ್ ಮರ, ಮಧ್ಯೆ ಮಧ್ಯೆ ಹಳೇ ಓಕ್, ಕೆಳಗೆ ಸೂಜಿ ಎಲೆ ಉದುರಿ ಗಾದಿ ಹಾಸ್ದಂಗಿರುತ್ತೆ. ಕಾಲಿಟ್ಟರೆ ಸದ್ದೇ ಬರಲ್ಲ. ನಾನು ಎಂಟು ವರ್ಷದಿಂದ ವಾರಕ್ಕೆ ಎರಡು ಸಲ ಇಲ್ಲೇ, ಟೆನ್ನೆನ್‌ಲೋಹೆ ಅನ್ನೋ ಊರಿನ ತನಕ ಹೋಗಿ ವಾಪಸ್ ಬಂದ್ರೆ ನಿಮ್ಮ 8 ಕಿ.ಮೀ. ಆರಾಮಾಗಿ ಸಿಗುತ್ತೆ.

ಟೆನ್ನೆನ್‌ಲೋಹೆ ಆಚೆಗಿನ ದೊಡ್ಡ ಕಾಡಿಗೆ ಹೋದ್ರೆ ಒಂದ್ ಮಾತು ನೆನಪಿಟ್ಕೊಳಿ, ಅದು ಹಳೇ ಮಿಲಿಟರಿ ಅಭ್ಯಾಸದ ಜಾಗ, ನೆಲದೊಳಗೆ ಇನ್ನೂ ಸಿಡಿಯದ ಗುಂಡುಮದ್ದು ಇದೆ. ನಾನು ಮೊದ್ಲನೇ ವರ್ಷ ಶಾರ್ಟ್‌ಕಟ್ ಅಂತ ಹುಲ್ಲೊಳಗೆ ನುಗ್ಗಿ ಇನ್ನೂರು ಮೀಟರ್ ಹೋದ್ಮೇಲೆ ಒಂದ್ ಬೋರ್ಡ್ ಕಂಡು, ಅರ್ಧಂಬರ್ಧ ಜರ್ಮನ್ನಲ್ಲಿ ಓದಿದ್ರೆ ‘ಪ್ರಾಣಾಪಾಯ’ ಅಂತ ಬರ್ದಿದೆ. ಬಂದ ಹೆಜ್ಜೆ ಗುರುತಿನ ಮೇಲೇ ಹೆಜ್ಜೆ ಇಟ್ಕೊಂಡು ವಾಪಸ್ ಬಂದೆ, ಓಟ ದಾಖಲಿಸೋ ಸ್ಟ್ರಾವಾ ಆ್ಯಪ್‌ನಲ್ಲಿ ಆವತ್ತಿನ ವೇಗ ನೋಡಿದ್ರೆ ಈಗ್ಲೂ ನಗು ಬರುತ್ತೆ. ದಾರಿ ಬಿಡದೆ ಹೋದ್ರೆ ಏನೂ ಇಲ್ಲ. ಬೇಲಿ ಆಚೆ ಪ್ರ್ಜೆವಾಲ್‌ಸ್ಕಿ ಅನ್ನೋ ಕಾಡುಕುದ್ರೆಗಳಿದಾವೆ, 2003ರಿಂದ ಮರಳು ಬಯಲನ್ನ ಮೇಯ್ಸೋಕೇ ಅಂತ ಬಿಟ್ಟಿದಾರೆ. ಗಿಡ್ಡ ಕಾಲು, ಬ್ರಶ್ ಥರ ನೆಟ್ಟಗೆ ನಿಂತ ಜೂಲು.

ಹುಬ್ಬಳ್ಳಿ ಹೈದ
ಏನ್ರೀ, ಬರೇ ಸಪಾಟ ಹಾದಿನ ಹೇಳಾಕತ್ತೀರಿ. ಏರು ಹತ್ತಲಿಲ್ಲ ಅಂದ್ರ ಅದೇನ್ ಓಟ ಅಕ್ಕಾರ? ಊರಿನ ಉತ್ತರಕ್ಕ ಮೈಲ್‌ವಾಲ್ಡ್ ಅನ್ನೋ ಕಾಡು ಐತಿ, ಅಲ್ಲಿಂದ ರಾಟ್ಸ್‌ಬೆರ್ಗ್ ಗುಡ್ಡ ಹತ್ರಿ, ಊರಿಂದ ನೂರು ಮೀಟರ್ ಮ್ಯಾಲ ಬರ್ತೀರಿ. ಮ್ಯಾಲ ಬಂದ್ರ ಹೊಲ, ಹಣ್ಣಿನ ಗಿಡ, ಗಾಳಿ, ಮುಗಿಲು ಸ್ವಚ್ಛ ಇದ್ದ ದಿನ ದೂರಕ್ಕ ಗುಡ್ಡಸಾಲು ಕಾಣತಾವ. ಆಟ್ಸೆಲ್ಸ್‌ಬೆರ್ಗ್ ಮುಟ್ಟಿ ಬೂಬೆನ್‌ರಾಯ್ಟ್ ಕಡೆ ಇಳದ್ರ ಛಲೋ ಸುತ್ತು. ಬೂಬೆನ್‌ರಾಯ್ಟ್ ಪಿಟೀಲು ಮಾಡೋರ ಊರ್ ರೀ, ಎರಡನೇ ಮಹಾಯುದ್ಧ ಮುಗದ ಮ್ಯಾಲ ಬೊಹೀಮಿಯಾದಿಂದ (ಈಗಿನ ಚೆಕ್ ನಾಡು) ಹೊರಗ ಬಿದ್ದ ಪಿಟೀಲು ಕಸಬಿನ ಮಂದಿಗೆ ಅಲ್ಲಿ ನೆಲಿ ಸಿಕ್ತು.

ಆದ್ರ ಪೆಂಟೆಕಾಸ್ಟ್ ಅನ್ನೋ ಕ್ರೈಸ್ತರ ಹಬ್ಬದ ಹೊತ್ತಿನ್ಯಾಗ ಹನ್ನೆರಡು ದಿನ ಆ ಕಡೆ ಹಾಯಬ್ಯಾಡ್ರಿ. ಬೆರ್ಗ್‌ಕಿರ್ಖ್‌ವೈ ಇರತದ, 1755ರಿಂದ ನಡಕೋತ ಬಂದ ಬಿಯರ್ ಜಾತ್ರಿ. ಮುಂಜಾನಿ ಆರಕ್ಕ ಓಡಾಕ ಹ್ವಾದ್ರೂ ನಿನ್ನೆ ರಾತ್ರಿಯವರು ಇನ್ನೂ ಮನಿ ಹುಡುಕಾಕತ್ತಿರ್ತಾರ.

ಕುಡ್ಲದ ಮೀನು
ನನಗೆ ಗುಡ್ಡ ಆಗುದಿಲ್ಲ ಮಾರಾಯ್ರೆ, ನೀರು ಬೇಕು. ಸ್ಟೇಷನ್ನಿನ ಪಶ್ಚಿಮ ಬದಿಯಿಂದ ಹೊರಟು ಹೈವೇ ಅಡಿಯಿಂದ ನುಗ್ಗಿದರೆ ಐದೇ ನಿಮಿಷದಲ್ಲಿ ರೆಗ್ನಿಟ್ಸ್ ಹೊಳೆಯ ಹುಲ್ಲುಗಾವಲು ಸಿಗ್ತದೆ. ಹೈವೇ ಸದ್ದು ಸ್ವಲ್ಪ ದೂರ ಬೆನ್ನು ಬಿಡುದಿಲ್ಲ, ಅದೊಂದು ರಗಳೆ. ಉತ್ತರಕ್ಕೆ ಮ್ಯೋರೆನ್‌ಡಾರ್ಫ್ ತನಕ ಹೋಗಿ, ಅಲ್ಲಿ ನೋಡುವಂಥದ್ದು ಉಂಟು: ಮರದ ನೀರುಚಕ್ರಗಳು. ಹಿಂದೆ ಈ ಹೊಳೆಯಲ್ಲಿ ನೂರಾರು ಇತ್ತಂತೆ, ಈಗ ಉಳಿದದ್ದು ಹತ್ತು. ನಮ್ಮಲ್ಲಿ ಏತ ಹೊಡಿಲಿಕ್ಕೆ ಆಳು ಬೇಕಿತ್ತಲ್ಲ, ಇಲ್ಲಿ ಹೊಳೆಯೇ ಆಳು. ನೀರಿನ ಸೆಳೆತಕ್ಕೆ ಚಕ್ರ ತಿರುಗ್ತದೆ, ಬದಿಗೆ ಕಟ್ಟಿದ ಮರದ ತೊಟ್ಟಿಗಳು ಮುಳುಗಿ ತುಂಬಿ ಮೇಲೆ ಹೋಗಿ ದೋಣಿಯಂಥ ಉದ್ದ ತೊಟ್ಟಿಗೆ ಸುರಿತವೆ, ಅಲ್ಲಿಂದ ಗದ್ದೆ ಕಾಲುವೆಯ ಹಾಗೆ ಹುಲ್ಲಿಗೆ ಹೋಗ್ತದೆ. ಅರ್ಧಕ್ಕರ್ಧ ನೀರು ದಾರಿಯಲ್ಲೇ ಚೆಲ್ಲಿ ಹೋಗ್ತದೆ, ಅದರ ಕಿರ್‌ಕಿರ್ ಸದ್ದು ಕೇಳ್ತಾ ನಿಂತರೆ ವಾಚ್ ನಿಲ್ಲಿಸಿದ್ದೇ ಮರೆತು ಹೋಗ್ತದೆ. ಮೇಯಿಂದ ಸೆಪ್ಟೆಂಬರ್ ಮಾತ್ರ, ಚಳಿಗಾಲಕ್ಕೆ ಬಿಚ್ಚಿ ಇಡ್ತಾರೆ.

ಅಲ್ಲಿಂದ ಹೊಳೆ ದಾಟಿ ಬೈಯರ್ಸ್‌ಡಾರ್ಫ್‌ಗೆ ಹೋದ್ರೆ ಒಟ್ಟು ಹತ್ತು ಕಿಲೋಮೀಟರ್ ಆಸುಪಾಸು, ಅಲ್ಲಿ ಎಸ್-ಬಾನ್ ಅಂದ್ರೆ ಲೋಕಲ್ ಟ್ರೈನ್ ಹತ್ತಿ ವಾಪಸ್. ಗಾಳಿ ಯಾವ ಕಡೆಯಿಂದ ಬೀಸ್ತದೆ ನೋಡಿ, ಎದುರು ಗಾಳಿ ಆದ್ರೆ ಟ್ರೈನಲ್ಲಿ ಹೋಗಿ ಓಡಿಕೊಂಡು ಬನ್ನಿ.

ಒಂದು ತಪ್ಪು ನಾನು ಮಾಡಿದ್ದು ನೀವು ಮಾಡ್ಬೇಡಿ. ಜೂನಲ್ಲಿ ಹುಲ್ಲು ಸೊಂಟದಷ್ಟು ಬಂದಿತ್ತು, ಫೋಟೋಗೆ ಅಂತ ಒಳಗೆ ಹೊಕ್ಕೆ. ಟ್ರ್ಯಾಕ್ಟರಲ್ಲಿದ್ದ ಅಜ್ಜ ಇಳಿದು ಬಂದು ಬೈದರು ನೋಡಿ, ಅರ್ಧ ಅರ್ಥ ಆಗ್ಲಿಲ್ಲ, ಆದ್ದು ಇಷ್ಟು: ಇದು ಪಾರ್ಕ್ ಅಲ್ಲ, ನನ್ನ ದನದ ಮೇವು. ಆಮೇಲೆ ತಿಳೀತು, ನಾವಿರುವ ಬವೇರಿಯಾ ರಾಜ್ಯದಲ್ಲಿ ಹುಲ್ಲು ಬೆಳೆಯುವ ಕಾಲದಲ್ಲಿ ದಾರಿ ಬಿಟ್ಟು ಹುಲ್ಲುಗಾವಲಿಗೆ ಕಾಲಿಡ್ಲಿಕ್ಕೆ ಕಾನೂನೇ ಬಿಡುದಿಲ್ಲ. ಕೊಯ್ಲಾದ ದಿನ ಹೋಗಿ, ಟ್ರ್ಯಾಕ್ಟರ್ ಹಿಂದೆ ಕೊಕ್ಕರೆಗಳು ಕಪ್ಪೆ ಇಲಿ ಹೆಕ್ತಾ ನಡೀತವೆ, ನಮ್ಮ ಗದ್ದೆ ಉಳುವಾಗ ಬೆಳ್ಳಕ್ಕಿ ಬರುವ ಹಾಗೆಯೇ.

ಮಂಡ್ಯದ ಓಟ
ಮೀನು ಸರ್, ಮ್ಯೋರೆನ್‌ಡಾರ್ಫ್‌ಗೆ ಕೆನಾಲ್ ದಂಡೆ ಮೇಲೂ ಹೋಗ್ಬೋದಲ್ವಾ? ಚಳಿಗಾಲದಲ್ಲಿ ಹೊಳೆ ಉಕ್ಕಿ ಹುಲ್ಲುಗಾವಲು ದಾರಿ ಮುಳುಗಿದಾಗ ನಂಗೆ ಅದೊಂದೇ ಗತಿ.

ಕುಡ್ಲದ ಮೀನು
ಹೋಗ್ಬಹುದು, ಆದ್ರೆ ಬೋರು! ಮೈನ್-ಡಾನ್ಯೂಬ್ ಕೆನಾಲ್ ಬಾಂಬೆರ್ಗ್‌ನಿಂದ ಕೆಲ್‌ಹೈಮ್ ತನಕ 171 ಕಿ.ಮೀ., ಅದರಲ್ಲಿ ಎಲ್ಲಿ ಓಡಿದ್ರೂ ಒಂದೇ ಹಾಗೆ ಕಾಣ್ತದೆ. ದಂಡೆ ಮೇಲೆ ದೂರದ ಬೋರ್ಡ್ ಇರ್ತದೆ, ಇಂಟರ್ವಲ್ ಅಂತ ಜೋರು-ನಿಧಾನ ಬದಲಿಸಿ ಓಡುವವರಿಗೆ ಅಡ್ಡಿಯಿಲ್ಲ. ಎರ್ಲಾಂಗೆನ್ ಲಾಕ್ (ನೀರು ತುಂಬಿ ಹಡಗು ಏರಿಸುವ ಕಟ್ಟೆ) ಹತ್ರ ಮಾತ್ರ ನಿಲ್ಲಿ, ಸರಕು ಹಡಗನ್ನು ಹದಿನೆಂಟು ಮೀಟರ್ ಮೇಲೆತ್ತುದು ನೋಡಿದ್ರೆ ಬಾಯಿ ಬಿಡ್ತೀರಿ. ಸೈಕಲ್ ಬೆಲ್ ಕೇಳಿದ ಕೂಡಲೇ ಬಲಕ್ಕೆ ಸರಿಯಿರಿ, ಊರಿನ ಅಭ್ಯಾಸದಲ್ಲಿ ಎಡಕ್ಕೆ ಹಾರಿದ್ರೆ ಇಬ್ಬರೂ ಕೆನಾಲಿಗೆ.

ತೀರ್ಥಹಳ್ಳಿ ಅಕ್ಕ
ಒಬ್ಬಳೇ ಓಡೋದ್ರ ಬಗ್ಗೆ ಯಾರೂ ಬಾಯಿ ಬಿಟ್ಟಿಲ್ಲ, ಗಂಡಸ್ರಿಗೆ ಆ ಪ್ರಶ್ನೆ ಕಣ್ಣಿಗೇ ಬೀಳಲ್ಲ ಅನ್ಸುತ್ತೆ. ನಾನು ಆರು ವರ್ಷದಿಂದ ಒಬ್ಳೇ ಓಡ್ತಿದೀನಿ ತಂಗಿ. ಬ್ರುಕರ್ ಲಾಖೆ, ಮೈಲ್‌ವಾಲ್ಡ್ ಎರಡ್ರಲ್ಲೂ ಬೆಳಕಿರೋವಾಗ ನಾಯಿ ಹಿಡ್ಕೊಂಡ ಅಜ್ಜಿಯರು, ಸ್ಕೂಲ್ ಮಕ್ಕಳು, ಕೋಲು ಊರ್ಕೊಂಡು ನಡಿಯೋರು ಇದ್ದೇ ಇರ್ತಾರೆ. ಎದುರಾದ್ರೆ ‘ಸೆರ್ವುಸ್’ ಅಂತಾರೆ, ಇಲ್ಲಿಯ ನಮಸ್ಕಾರ ಅದು, ನೀನೂ ಅನ್ನು. ಕತ್ತಲಾದ್ಮೇಲೆ ನಾನು ಕಾಡಿಗೆ ಹೋಗಲ್ಲ, ಯಾರೋ ಬರ್ತಾರೆ ಅಂತಲ್ಲ, ಬೇರು ಎಡವಿ ಬಿದ್ರೆ ಕೇಳೋರಿಲ್ಲ ಅಂತ. ಡಿಸೆಂಬರಲ್ಲಿ ಸಂಜೆ ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತೆ, ಆಗ ವಾರದ ದಿನ ಲೈಟ್ ಇರೋ ಬೀದಿ, ಶನಿವಾರ-ಭಾನುವಾರ ಕಾಡು. ಫೋನ್ ಜೊತೇಲಿರ್ಲಿ, 112 ಮಾಡಿದ್ರೆ ‘ಎಲ್ಲಿದೀರ’ ಅಂತ ಕೇಳ್ತಾರೆ, ಕಾಡಲ್ಲಿ ಬಿಳಿ ಕ್ರಾಸ್ ಇರೋ ಹಸಿರು ಬೋರ್ಡ್ ಕಂಡ್ರೆ ಅದರ ನಂಬರ್ ಹೇಳಿದ್ರೆ ಸಾಕು.

ನಿಜವಾಗ್ಲೂ ಹೆದರ್ಬೇಕಾಗಿರೋದು ಉಣುಗಿಗೆ. ನಮ್ಮ ಕಡೆಯವ್ರಿಗೆ ಹೇಳೋದೇ ಬೇಡ, ಕ್ಯಾಸನೂರು ಕಾಡಿನ ಮಂಗನ ಕಾಯಿಲೆ ಹರಡೋದೂ ಉಣುಗಿಂದಲೇ. ಇಲ್ಲಿಯ ಎಫ್‌ಎಸ್‌ಎಂಇ ಅನ್ನೋ ಮೆದುಳು ಜ್ವರದ ವೈರಸ್ಸು ಅದರ ದಾಯಾದಿನೇ. ಎರ್ಲಾಂಗೆನ್ ಅಪಾಯದ ಪ್ರದೇಶದ ಪಟ್ಟೀಲಿದೆ, ಅದಕ್ಕೆ ಮನೆ ಡಾಕ್ಟರ್ ಹತ್ರ ಲಸಿಕೆ ಹಾಕಿಸ್ಕೋ, ಮೂರು ಡೋಸು, ಇನ್ಶೂರೆನ್ಸ್ ದುಡ್ಡು ಕೊಡುತ್ತೆ. ಬೊರೆಲಿಯೋಸಾ ಅಂತ ಇನ್ನೊಂದಿದೆ, ಅದಕ್ಕೆ ಲಸಿಕೆ ಇಲ್ಲ, ಕಚ್ಚಿದ ಜಾಗದ ಸುತ್ತ ಕೆಂಪು ಉಂಗುರ ಹರಡ್ತಾ ಬಂದ್ರೆ ತಡ ಮಾಡ್ದೆ ಡಾಕ್ಟರ್‌ಗೆ ತೋರ್ಸು. ಓಡಿ ಬಂದ ಕೂಡ್ಲೇ ಮಂಡಿ ಹಿಂದೆ, ತೊಡೆಸಂದಿ, ಕಂಕುಳ, ಕಿವಿ ಹಿಂದೆ ನೋಡ್ಕೋ. ಮರಿ ಉಣುಗು ಗಸಗಸೆ ಕಾಳಿನಷ್ಟೇ ಇರುತ್ತೆ. ಸಿಕ್ಕಿದ್ರೆ ಚಿಮುಟದಲ್ಲಿ ಚರ್ಮಕ್ಕೆ ತಾಗಿಸಿ ಹಿಡಿದು ಮೆಲ್ಲಗೆ ಎಳಿ. ಊರಲ್ಲಿ ಮಾಡ್ತಾರಲ್ಲ, ಎಣ್ಣೆ, ಸುಣ್ಣ, ಅದೆಲ್ಲ ಬೇಡ.

ಕೆರೆ ಕೇಳಿದ್ದೆ ಅಲ್ವಾ, ಪಶ್ಚಿಮಕ್ಕೆ ಡೆಕ್ಸೆನ್‌ಡಾರ್ಫರ್ ವೈಯರ್ ಅನ್ನೋ ಕೆರೆ ಇದೆ. ನಿನ್ ಮನೆಯಿಂದ ದೂರ, ಸೈಕಲ್ಲೋ ಬಸ್ಸೋ ಹಿಡಿದು ಹೋಗು, ಸುತ್ತು ಹಾಕಿ ಪಕ್ಕದ ಪೈನ್ ಕಾಡಿಗೆ ಹೊಕ್ಕೊಂಡ್ರೆ ನಿನ್ನ 15 ಕಿ.ಮೀ.ನೂ ಆಗುತ್ತೆ. ಆ ಕಡೆ ಇರೋವೆಲ್ಲ ಮೀನು ಸಾಕೋಕೆ ಅಂತ ಹಳೇ ಕಾಲದಲ್ಲಿ ತೋಡಿದ ಕೆರೆಗಳು, ಕಾರ್ಪ್ ಮೀನು. ಶರತ್ಕಾಲದಲ್ಲಿ ತೂಬು ತೆಗ್ದು ಮೀನು ಹಿಡೀತಾರೆ. ಕೆರೆ ನೋಡೋಣ ಅಂತ ಹೋದ್ರೆ ಬರೀ ಕೆಸರು, ಅದ್ರಲ್ಲಿ ಬಕಪಕ್ಷಿ.

ಲಾಲ್‌ಬಾಗ್ ಸುತ್ತು
ಎಲ್ರಿಗೂ ಥ್ಯಾಂಕ್ಸ್! ಇವತ್ತು ಬೆಳಗ್ಗೆ ಎಕ್ಸರ್ಸಿಯರ್‌ಪ್ಲಾಟ್ಸ್ ದಾಟಿ ಬ್ರುಕರ್ ಲಾಖೆಗೆ ಹೋಗಿದ್ದೆ. 7.4 ಕಿ.ಮೀ., ಎರಡು ಸಲ ದಾರಿ ತಪ್ಪಿದ್ದೂ ಸೇರಿ. ಮೊಣಕಾಲು ಸದ್ದೇ ಮಾಡ್ಲಿಲ್ಲ. ನಾಯಿ ಅಜ್ಜಿ ಸಿಕ್ಕಿದ್ರು, ನಾನು ‘ಸೆರ್ವುಸ್’ ಅಂದೆ, ಅವ್ರು ಒಂದ್ ಉದ್ದ ವಾಕ್ಯ ಹೇಳಿದ್ರು, ಏನು ಅಂತ ಗೊತ್ತಾಗ್ಲಿಲ್ಲ, ತಲೆ ಆಡಿಸ್ದೆ. ಅಕ್ಕ, ಗುರುವಾರಕ್ಕೆ ಲಸಿಕೆ ಅಪಾಯಿಂಟ್‌ಮೆಂಟ್ ಸಿಕ್ತು. ಭಾನುವಾರ ನೀರುಚಕ್ರದ ಕಡೆ ಹೋಗೋಣ ಅಂತಿದೀನಿ, ಯಾರಾದ್ರೂ ಬರ್ತೀರಾ?

ಹುಬ್ಬಳ್ಳಿ ಹೈದ
ಬರ್ತೀನ್ರಿ, ಆದ್ರ ಮುಂದಿನ ವಾರ ಗುಡ್ಡ ಹತ್ತಬೇಕ.