ಪ್ರಶ್ನೋತ್ತರ: ಎಂಟಿಬಿಗೆ (ಗುಡ್ಡಗಾಡಿನ ಸೈಕಲ್ಲಿಗೆ) ಬಾಳಿಕೆ ಬರುವ ಚಕ್ರ ಯಾವುದು?

ಅಡ್ಮಿನ್: ಎಲ್ಲರಿಗೂ ನಮಸ್ಕಾರ. ಹೋದ ವಾರ ತುರಹಳ್ಳಿ ರೈಡಿನಲ್ಲಿ ಮೂವರ ಚಕ್ರ ಬೆಂಡಾಯಿತು. ಅವತ್ತಿನಿಂದ ಗುಂಪಿನಲ್ಲಿ ಅದೇ ಮಾತು. ಹಾಗಾಗಿ ಇವತ್ತು ಸಂಜೆ ನಮ್ಮ ಮೆಕ್ಯಾನಿಕ್ ಅಣ್ಣ ಉತ್ತರ ಕೊಡುತ್ತಾರೆ. ಮೈಸೂರಿನಲ್ಲಿ ಇಪ್ಪತ್ತು ವರ್ಷದಿಂದ ಕೈಯಲ್ಲೇ ಚಕ್ರ ಕಟ್ಟುತ್ತಿದ್ದಾರೆ. ನಿಮ್ಮ ತೂಕ, ಟೈರ್ ಅಳತೆ, ಎಲ್ಲಿ ಓಡಿಸುತ್ತೀರಿ, ಇಷ್ಟು ಬರೆಯಿರಿ. ಫಾರ್ವರ್ಡ್ ಬೇಡ.

ಹೆಸರಘಟ್ಟ ಸವಾರ: ಅಣ್ಣ, ನನ್ನದು 27.5 ಇಂಚು ಚಕ್ರದ ಸೈಕಲ್. ಫ್ರೆಂಡ್ ಹತ್ತಿರ ಹಳೇ 29 ಚಕ್ರ ಸುಮ್ನೆ ಬಿದ್ದಿದೆ. ಹಾಕಿಕೊಳ್ಳಬಹುದಾ?

ಮೆಕ್ಯಾನಿಕ್ ಅಣ್ಣ: ಬೇಡ. ನಿಮ್ಮ ಟೈರಿನ ಪಕ್ಕದಲ್ಲಿ 57-584 ಅಂತ ಏನೋ ಬರೆದಿರುತ್ತದೆ, ಕೊನೆಯ ಮೂರು ಅಂಕಿ ನೋಡಿ. ರಿಮ್ಮಿನ ಮೇಲೆ ಟೈರ್ ಕೂರುವ ಜಾಗದ ವ್ಯಾಸ ಅದು, ಮಿಲಿಮೀಟರಿನಲ್ಲಿ. 559 ಅಂದರೆ 26, 584 ಅಂದರೆ 27.5, 622 ಅಂದರೆ 29. ನಿಮ್ಮದಕ್ಕೂ ಅವರದಕ್ಕೂ 38 ಎಂಎಂ ವ್ಯತ್ಯಾಸ. ಮುಂದೆ ಫೋರ್ಕಿಗೆ ತಾಗುತ್ತದೆ, ಹಿಂದೆ ಫ್ರೇಮಿಗೆ ತಾಗುತ್ತದೆ. ಕೆಸರು ಮೆತ್ತಿಕೊಂಡಾಗ ಅಂತೂ ತಿರುಗುವುದೇ ಇಲ್ಲ.

ಕನಕಪುರ ರೋಡ್: ಆನ್‌ಲೈನಿನಲ್ಲಿ ಒಳ್ಳೇ ವೀಲ್‌ಸೆಟ್ ತರಿಸಿದೆ. 12×148 ಅಂತ ಇದೆ. ನನ್ನ ಫ್ರೇಮಿಗೆ ಕೂರುತ್ತಲೇ ಇಲ್ಲ.

ಮೆಕ್ಯಾನಿಕ್ ಅಣ್ಣ: ನಿಮ್ಮ ಫ್ರೇಮ್ 12×142 ಇರಬೇಕು. 12 ಅಂದರೆ ಆಕ್ಸಲ್ ದಪ್ಪ, ಆಮೇಲಿನದು ಹಬ್ಬಿನ (ಚಕ್ರದ ನಡುವಿನ ಭಾಗದ) ಅಗಲ, ಎಂಎಂನಲ್ಲಿ. 148 ಅಗಲಕ್ಕೆ ಬೂಸ್ಟ್ ಅನ್ನುತ್ತಾರೆ. ವಾಪಸ್ ಕಳಿಸಿ. ಫ್ರೇಮನ್ನು ಎಳೆದು ಅಗಲ ಮಾಡಿ ಕೂರಿಸುತ್ತೇನೆ ಅಂತ ಯಾರಾದರೂ ಹೇಳಿದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಶಿರಸಿ ಅಕ್ಕ: ನಮಸ್ಕಾರ. ಮಗನ ಸೈಕಲ್ 26, ಹಿಂದೆ 7 ಗೇರು. ಹಿಂದಿನ ಆಕ್ಸಲ್ ಎರಡು ಸಲ ಬಾಗಿತು. ತೋಟದ ದಾರಿಯಲ್ಲಿ ಹಾರಿಸುತ್ತಾನೆ ಅಂತ ಅಂಗಡಿಯವರು ಅವನಿಗೇ ಬೈದರು. ಅವನ ತೂಕ 52 ಕೆ.ಜಿ. ಅಷ್ಟೇ.

ಮೆಕ್ಯಾನಿಕ್ ಅಣ್ಣ: ಅಕ್ಕ, ಮಗನಿಗೆ ಬೈಯಬೇಡಿ. ಅದು ಫ್ರೀವೀಲ್ ಹಬ್. ಏಳು ಹಲ್ಲುಚಕ್ರದ ಗಂಟು ಹಬ್ಬಿನ ಹೊರಗೆ ತಿರುಪಿನಲ್ಲಿ ಕೂರುತ್ತದೆ, ಬೇರಿಂಗ್ ಗುಂಡು ಆ ಗಂಟಿಗಿಂತ ಒಳಗೆ, ಹಬ್ಬಿನ ಮಧ್ಯದ ಕಡೆಗೆ ಇರುತ್ತದೆ. ಹಾಗಾಗಿ ಬಲಗಡೆ ಆಕ್ಸಲಿಗೆ ಒಂದು ಗೇಣಿನ ಕಾಲು ಭಾಗದಷ್ಟು ಉದ್ದಕ್ಕೆ ಆಧಾರವೇ ಇಲ್ಲ. ಎಷ್ಟು ಗಟ್ಟಿ ಆಕ್ಸಲ್ ಹಾಕಿದರೂ ಬಾಗುವುದು ಅಲ್ಲೇ. ಕ್ಯಾಸೆಟ್ (ತಿರುಪಿಲ್ಲದೆ ಜಾರಿಸಿ ಕೂರಿಸುವ ಹಲ್ಲುಚಕ್ರದ ಗಂಟು) ಕೂರುವ ಹಬ್ಬಿನಲ್ಲಿ ಬಲಗಡೆಯ ಬೇರಿಂಗ್ ಹೊರ ತುದಿಯ ಹತ್ತಿರ ಇರುತ್ತದೆ, ಆ ತೊಂದರೆ ಇಲ್ಲ. 8-9 ಸ್ಪೀಡಿನ ಹಬ್ ಇರುವ ಚಕ್ರ ತಗೊಳ್ಳಿ. ಅದಕ್ಕೆ 7 ಸ್ಪೀಡ್ ಕ್ಯಾಸೆಟ್, ಹಿಂದೆ 4.5 ಎಂಎಂ ಸ್ಪೇಸರ್. ಗೇರ್ ಹ್ಯಾಂಡಲ್ ಏನೂ ಬದಲಾಯಿಸಬೇಕಿಲ್ಲ. ಡಿಸ್ಕ್ ಬ್ರೇಕಾ, ರಿಮ್ ಬ್ರೇಕಾ ಅಂತ ನೋಡಿಕೊಂಡು ತಗೊಳ್ಳಿ.

ಶಿರಸಿ ಅಕ್ಕ: ತುಂಬಾ ಥ್ಯಾಂಕ್ಸ್. ಅವನಿಗೆ ತೋರಿಸಿದೆ, ಕುಣಿಯುತ್ತಿದ್ದಾನೆ.

ನಂದಿ ಬೆಳಗು: ಟ್ಯೂಬ್‌ಲೆಸ್ ಮಾಡಿಸಬಹುದಾ ಅಣ್ಣ?

ಮಲೆನಾಡ್ ರೈಡರ್: ಅಣ್ಣ, ಚಿಕ್ಕಮಗಳೂರಿನಿಂದ. ತೂಕ 96. ಸೈಕಲ್ 27.5, 9 ಸ್ಪೀಡ್ ಕ್ಯಾಸೆಟ್, ಹಿಂದೆ 135 ಎಂಎಂ ಕ್ವಿಕ್ ರಿಲೀಸ್, 32 ಕಡ್ಡಿ. ಎರಡು ತಿಂಗಳಲ್ಲಿ ಹಿಂದಿನ ಚಕ್ರದ 5 ಕಡ್ಡಿ ಮುರಿದವು. ವಿಚಿತ್ರ ಅಂದರೆ ಐದೂ ಎಡಗಡೆಯವು, ಡಿಸ್ಕ್ ಪಕ್ಕದವು. ಒಂದೊಂದೇ ಹಾಕಿಸಿದೆ. ಆಮೇಲೆ ಒಂದು ಫಾರ್ವರ್ಡ್ ಬಂತು, ‘ಪ್ರತಿ ಭಾನುವಾರ ಎಲ್ಲಾ ನಿಪ್ಪಲ್ (ರಿಮ್ಮಿನ ಹತ್ತಿರ ಕಡ್ಡಿ ಬಿಗಿಯುವ ನಟ್ಟು) ಅರ್ಧ ಸುತ್ತು ಬಿಗಿ ಮಾಡಿ, ಕಡ್ಡಿ ಮುರಿಯೋದೇ ಇಲ್ಲ’ ಅಂತ. ನಾಲ್ಕು ವಾರ ಮಾಡಿದೆ. ಈಗ ಕಡ್ಡಿ ಮುರಿದಿಲ್ಲ, ಚಕ್ರ ನೇರವಾಗೇ ತಿರುಗುತ್ತಿದೆ, ಆದರೆ ಟಿಕ್ ಟಿಕ್ ಸದ್ದು. ಈ ಭಾನುವಾರ ಮುಳ್ಳಯ್ಯನಗಿರಿಯಿಂದ ಇಳಿಯುವ ಪ್ಲಾನ್ ಇದೆ. ಮುಗಿಸಿ ಬಂದು ಹೊಸ ಚಕ್ರ ತಗೊಳ್ಳುತ್ತೇನೆ. ಯಾವುದು ಒಳ್ಳೇದು?

ಮೆಕ್ಯಾನಿಕ್ ಅಣ್ಣ: ಮೊದಲು ಒಂದು ಕೆಲಸ ಮಾಡಿ. ಬಟ್ಟೆ ಒದ್ದೆ ಮಾಡಿ ರಿಮ್ ಒರೆಸಿ. ಬಲಗಡೆಯ, ಅಂದರೆ ಚೈನ್ ಪಕ್ಕದ ಕಡ್ಡಿಗಳು ರಿಮ್ಮಿನೊಳಗೆ ಹೋಗುವ ತೂತು ಇದೆಯಲ್ಲ, ಅದರ ಸುತ್ತ ಟಾರ್ಚ್ ಬಿಟ್ಟು ನೋಡಿ. ಕೂದಲಿನಂಥ ಗೆರೆ ಕಾಣುತ್ತದಾ? ಉಗುರು ಎಳೆದರೆ ಸಿಕ್ಕಿಕೊಳ್ಳುತ್ತದಾ? ನೋಡಿ ಬರೆಯಿರಿ. ಅಲ್ಲಿಯ ತನಕ ಸೈಕಲ್ ಹತ್ತಬೇಡಿ.

ಅವರು ನೋಡಿ ಬರುವಷ್ಟರಲ್ಲಿ ಎಡಗಡೆಯವೇ ಯಾಕೆ ಮುರಿದವು ಅಂತ ಹೇಳುತ್ತೇನೆ, ಇದು ಎಲ್ಲರಿಗೂ ಬೇಕು. ಹಿಂದಿನ ಹಬ್ಬಿನಲ್ಲಿ ಬಲಗಡೆ ಕ್ಯಾಸೆಟ್ಟಿಗೆ ಜಾಗ ಬಿಡಬೇಕು. ಅದಕ್ಕೇ ಬಲಗಡೆಯ ಕಡ್ಡಿಗಳು ಹೆಚ್ಚುಕಮ್ಮಿ ನೆಟ್ಟಗೆ ನಿಲ್ಲುತ್ತವೆ, ಎಡಗಡೆಯವು ಓರೆಯಾಗಿ ನಿಲ್ಲುತ್ತವೆ. ರಿಮ್ ಮಧ್ಯಕ್ಕೆ ಬರಬೇಕಾದರೆ ಬಲಗಡೆಯವು ಜಾಸ್ತಿ ಬಿಗಿ ಇರಲೇಬೇಕು. ಎಡಗಡೆಯವಕ್ಕೆ ಸಿಗುವುದು ಅದರ ಅರ್ಧದಿಂದ ಮುಕ್ಕಾಲು ಬಿಗಿ. ಬಲಗಡೆಯೇ ಸಡಿಲ ಇದ್ದರೆ ಎಡಗಡೆ ಏನು ಉಳಿಯಿತು ಹೇಳಿ.

ಚಕ್ರದ ಕೆಳಗಡೆ ಇರುವ ಕಡ್ಡಿ ಪ್ರತಿ ಸುತ್ತಿನಲ್ಲೂ ಸ್ವಲ್ಪ ಬಿಗಿ ಕಳೆದುಕೊಂಡು ಮೇಲೆ ಹೋದಾಗ ಮತ್ತೆ ಬಿಗಿಯಾಗುತ್ತದೆ. 27.5 ಚಕ್ರ 1 ಕಿ.ಮೀ.ಗೆ ಸುಮಾರು 450 ಸುತ್ತು ಸುತ್ತುತ್ತದೆ. ನೂರು ಕಿ.ಮೀ.ಗೆ 45,000. ಮೊದಲೇ ಸಡಿಲ ಇರುವ ಕಡ್ಡಿ ಅಷ್ಟೂ ಸಲ ಹಬ್ಬಿನ ತೂತಿನಲ್ಲಿ ಅಲ್ಲಾಡುತ್ತದೆ. ಬೇಲಿ ತಂತಿಯನ್ನು ಆಕಡೆ ಈಕಡೆ ಬಗ್ಗಿಸಿ ಬಗ್ಗಿಸಿ ತುಂಡು ಮಾಡುತ್ತೇವಲ್ಲ, ಅದೇ ಇದು. ಅದಕ್ಕೇ ಮುರಿಯುವುದು ಮೊಣಕೈ ಥರ ಬಾಗಿದ ಜಾಗದಲ್ಲಿ. ನಿಮ್ಮ ತೂಕದಿಂದ ಮುರಿದದ್ದಲ್ಲ, ಸಡಿಲ ಕಟ್ಟಿದ್ದರಿಂದ ಮುರಿದದ್ದು. ಒಂದು ಮುರಿದಾಗ ಒಂದು ಹಾಕುವುದರಿಂದ ಪ್ರಯೋಜನ ಇಲ್ಲ, ಪಕ್ಕದವೂ ಅಷ್ಟೇ ಸುತ್ತು ತಿಂದಿರುತ್ತವೆ. ಮೂರನೆಯದು ಮುರಿದ ದಿನವೇ ಆ ಬದಿಯ ಹದಿನಾರನ್ನೂ ಬದಲಾಯಿಸಬೇಕಿತ್ತು.

ಹಾಸನ ಹುಡುಗ: ಅಣ್ಣ ನನಗೂ ಕಡ್ಡಿ ಮುರೀತಿದೆ. ಬೈಕಿನ ದಪ್ಪ ಕಡ್ಡಿ ಹಾಕಿಸಿದರೆ ಗಟ್ಟಿ ಅಂತ ವಿಡಿಯೊ ನೋಡಿದೆ.

ಮೆಕ್ಯಾನಿಕ್ ಅಣ್ಣ: ಹಾಕಿಸಬೇಡಿ. ಅದಕ್ಕೆ ಹಬ್ಬಿನ ತೂತು ಕೊರೆಯಬೇಕು. ಕೊರೆದರೆ ತೂತಿನ ಅಂಚು ತೆಳುವಾಗಿ ಹಬ್ಬೇ ಸೀಳುತ್ತದೆ. ದಪ್ಪ ಇದ್ದರೆ ಬಾಳಿಕೆ ಅನ್ನುವುದೇ ತಪ್ಪು ಲೆಕ್ಕ. ನಾನು ಹಾಕುವುದು ಎರಡು ತುದಿಯಲ್ಲಿ 2.0 ಎಂಎಂ, ನಡುವೆ 1.8 ಎಂಎಂ ಇರುವ ಕಡ್ಡಿ, ಬಟೆಡ್ ಅನ್ನುತ್ತಾರೆ. ನಡುವಿನ ತೆಳು ಭಾಗ ಒಂಚೂರು ಹಿಗ್ಗಿ ಪೆಟ್ಟನ್ನು ಪಕ್ಕದ ಕಡ್ಡಿಗಳಿಗೂ ಹಂಚುತ್ತದೆ, ಮೊಣಕೈ ಉಳಿಯುತ್ತದೆ.

ಹಾಸನ ಹುಡುಗ: ತೆಳು ಇದ್ದರೆ ಗಟ್ಟಿ ಹೇಗಾಗುತ್ತೆ ಅಣ್ಣ? ಆ ವಿಡಿಯೊಗೆ ಲಕ್ಷಗಟ್ಟಲೆ ವ್ಯೂಸ್ ಇದೆ.

ಮೆಕ್ಯಾನಿಕ್ ಅಣ್ಣ: ವ್ಯೂಸ್ ನೋಡಿ ಚಕ್ರ ತಿರುಗುವುದಿಲ್ಲ. ಮೇಲಿನದನ್ನು ಇನ್ನೊಮ್ಮೆ ಓದಿ.

ಮಂಡ್ಯ ಪೆಡಲ್: ಇದೆಲ್ಲ ಈಗಿನ ಕಾಲದ ತಲೆನೋವು. ನಮ್ಮ ತಾತ ಎರಡು ಹಾಲಿನ ಕ್ಯಾನು, ಮೇಲೊಂದು ಹುಲ್ಲಿನ ಹೊರೆ ಕಟ್ಟಿಕೊಂಡು ನಲವತ್ತು ವರ್ಷ ಸೈಕಲ್ ತುಳಿದರು. ಸ್ಟೀಲ್ ರಿಮ್. ಒಂದು ಕಡ್ಡಿ ಮುರಿದಿದ್ದು ನೋಡಿಲ್ಲ. ಅಲ್ಯೂಮಿನಿಯಂ ಬಂದ ಮೇಲೇ ಎಲ್ಲಾ ಹಾಳಾಗಿದ್ದು.

ಕನಕಪುರ ರೋಡ್: ತಾತನ ಸೈಕಲ್ಲನ್ನು ಅವಲಹಳ್ಳಿ ಕಾಡಿನ ಟ್ರೈಲಿಗೆ ತನ್ನಿ, ನೋಡೋಣ. ಈಗ ಎಲ್ಲಾ ಕಾರ್ಬನ್ನಿಗೆ ಹೋಗುತ್ತಿದ್ದಾರೆ. ಕಾರ್ಬನ್ ರಿಮ್ ಒಂದು ಸಲ ಹಾಕಿದರೆ ಜೀವನಪೂರ್ತಿ.

ಮಂಡ್ಯ ಪೆಡಲ್: ಕಲ್ಲಿಗೆ ಹೊಡೆದರೆ ಮಡಕೆ ಥರ ಒಡೆಯುತ್ತೆ. ದುಡ್ಡು ಜಾಸ್ತಿ ಆದವರು ಹಾಕಿಕೊಳ್ಳಲಿ.

ಕನಕಪುರ ರೋಡ್: ಯಾವತ್ತಾದರೂ ಓಡಿಸಿ ನೋಡಿದ್ದೀರಾ? ಇಲ್ಲ ಅಂದರೆ ಸುಮ್ಮನಿರಿ.

ಮಂಡ್ಯ ಪೆಡಲ್: ನಿಮ್ಮದೇ ಚಕ್ರ ಫ್ರೇಮಿಗೆ ಕೂತಿಲ್ಲ, ನನಗೆ ಪಾಠ ಹೇಳ್ತೀರಾ?

ಅಡ್ಮಿನ್: ಇಬ್ಬರೂ ಸಾಕು ಮಾಡಿ.

ಮೆಕ್ಯಾನಿಕ್ ಅಣ್ಣ: ಹಳೇ ಸೈಕಲ್ ಬಗ್ಗೆ ಕೇವಲವಾಗಿ ಮಾತಾಡಬೇಡಿ, ನಾನು ಚಕ್ರ ಕಟ್ಟಲು ಕಲಿತದ್ದು ಅದರಲ್ಲೇ. ಮುಂದೆ 32 ಕಡ್ಡಿ, ಹಿಂದೆ 40. ಭಾರ ಹಿಂದೆ ಬೀಳುತ್ತದೆ ಅಂತ ಗೊತ್ತಿದ್ದೇ ಎಂಟು ಜಾಸ್ತಿ ಹಾಕಿದ್ದರು. ಆ ಚಕ್ರದಲ್ಲಿ ಹಲ್ಲುಚಕ್ರ ಒಂದೇ, ಹಾಗಾಗಿ ಎರಡು ಬದಿಯ ಬಿಗಿಯಲ್ಲಿ ಅಷ್ಟು ವ್ಯತ್ಯಾಸ ಇರುತ್ತಿರಲಿಲ್ಲ. ಸ್ಟೀಲ್ ರಿಮ್ ಬೆಂಡಾದರೆ ಮರದ ಸುತ್ತಿಗೆಯಲ್ಲಿ ಬಡಿದು ಸರಿ ಮಾಡಬಹುದು. ಆದರೆ ತಾತ ಅದನ್ನು ಎರಡಡಿ ಎತ್ತರದಿಂದ ಹಾರಿಸಲಿಲ್ಲ. ಅಷ್ಟು ತೂಕದ ರಿಮ್ ಹಾಕಿ ಬೆಟ್ಟ ಹತ್ತುವುದಕ್ಕೂ ಆಗುವುದಿಲ್ಲ.

ಕಾರ್ಬನ್ ವಿಷಯ: ಒಳ್ಳೆಯದಾದರೆ ನಿಜಕ್ಕೂ ಗಟ್ಟಿ. ಆದರೆ ಅಲಾಯ್ (ಅಲ್ಯೂಮಿನಿಯಂ) ರಿಮ್ ಬೆಂಡಾಗಿ ತೋರಿಸುತ್ತದೆ, ಬಡಿದು ಮನೆ ಸೇರಬಹುದು. ಕಾರ್ಬನ್ ಸೀಳಿದರೆ ರೈಡ್ ಅಲ್ಲಿಗೇ ಮುಗಿಯಿತು. ಬಾಳಿಕೆಗೆ ಅಂತ ದುಡ್ಡು ಇಟ್ಟಿದ್ದರೆ ಮೊದಲು ಹಬ್ಬಿಗೆ, ಕಡ್ಡಿಗೆ, ಕಟ್ಟುವ ಕೂಲಿಗೆ ಹಾಕಿ. ಈ ಜಗಳ ಇಲ್ಲಿಗೆ ಬಿಡಿ.

ನಂದಿ ಬೆಳಗು: ಅಣ್ಣ ಟ್ಯೂಬ್‌ಲೆಸ್??

ಎಲೆಕ್ಟ್ರಾನಿಕ್ ಸಿಟಿ: ಶಿಮಾನೋ ಡಿಯೋರ್ 12 ಸ್ಪೀಡ್ 10-51 ಕ್ಯಾಸೆಟ್ ಹಳೇ ಹಬ್ಬಿಗೆ ಕೂರುತ್ತಾ?

ಮೆಕ್ಯಾನಿಕ್ ಅಣ್ಣ: ಇಲ್ಲ. ಮೈಕ್ರೋ ಸ್ಪ್ಲೈನ್ ಬಾಡಿ ಬೇಕು, ಅಂದರೆ ಹಬ್ಬಿನಲ್ಲಿ ಕ್ಯಾಸೆಟ್ ಕೂರುವ ಬೇರೆ ಥರದ ಭಾಗ. ನಿಮ್ಮ ಹಬ್ಬಿಗೆ ಆ ಬಾಡಿ ಬಿಡಿಯಾಗಿ ಸಿಗುತ್ತದಾ ಕೇಳಿ, ಸಿಕ್ಕರೆ ಅದೊಂದನ್ನೇ ಬದಲಾಯಿಸಬಹುದು.

ಯಲಹಂಕ ರೈಡರ್: ಯಾವ ಬ್ರಾಂಡ್ ಚಕ್ರ ಬೆಸ್ಟ್?

ಮೆಕ್ಯಾನಿಕ್ ಅಣ್ಣ: ತೂಕ, ಅಳತೆ, ಆಕ್ಸಲ್ ಬರೆಯಿರಿ.

ಯಲಹಂಕ ರೈಡರ್: ಸುಮ್ನೆ ಬೆಸ್ಟ್ ಯಾವುದು ಹೇಳಿ ಅಣ್ಣ.

ಮಲೆನಾಡ್ ರೈಡರ್: ಅಣ್ಣ ನೋಡಿದೆ. ಫೋಟೊ ಹಾಕಿದ್ದೇನೆ. ಬಲಗಡೆ ನಾಲ್ಕು ತೂತಿನ ಸುತ್ತ ಗೆರೆ ಇದೆ. ಎರಡರಲ್ಲಿ ಉಗುರು ಸಿಕ್ಕಿಕೊಳ್ಳುತ್ತೆ. ಒಂದು ಕಡೆ ತೂತು ಸ್ವಲ್ಪ ಉಬ್ಬಿದ ಹಾಗಿದೆ.

ಮೆಕ್ಯಾನಿಕ್ ಅಣ್ಣ: ನಾನು ಹೆದರಿದ್ದೇ ಆಗಿದೆ. ಆ ಟಿಕ್ ಟಿಕ್ ಸದ್ದು ರಿಮ್ ಬಿರುಕು ಬಿಡುತ್ತಿದ್ದ ಸದ್ದು. ಈಗಲೇ ಟೈರಿನ ಗಾಳಿ ಬಿಡಿ. ಈ ಚಕ್ರದ ಮೇಲೆ ಪಕ್ಕದ ಬೀದಿಗೂ ಹೋಗಬೇಡಿ.

ಲೆಕ್ಕ ನೋಡಿ. 2 ಎಂಎಂ ಕಡ್ಡಿಯಲ್ಲಿ ನಿಪ್ಪಲ್ ಒಂದು ಸುತ್ತಿಗೆ ಸುಮಾರು 0.45 ಎಂಎಂ ಎಳೆಯುತ್ತದೆ. ನಾಲ್ಕು ಭಾನುವಾರ ಅಂದರೆ ಎರಡು ಸುತ್ತು, ಪ್ರತಿ ಕಡ್ಡಿಯನ್ನೂ 0.9 ಎಂಎಂ ಎಳೆದಿದ್ದೀರಿ. ಸಡಿಲ ಕಡ್ಡಿ ಪೂರ್ತಿ ಬಿಗಿಯಾಗಲು ಬೇಕಾಗುವುದೇ ಒಂದೆರಡು ಸುತ್ತು. ಎಡಗಡೆಗೆ ಸ್ವಲ್ಪ ಬಿಗಿ ಬೇಕಿತ್ತು ನಿಜ, ಆದರೆ ಬಿಗಿ ಅಳೆಯುವ ಮೀಟರ್ ಇಲ್ಲದೆ ಎರಡೂ ಕಡೆ ಒಂದೇ ಸಮ ಎಳೆದರೆ ಮಿತಿ ದಾಟುವುದು ಬಲಗಡೆಯೇ. ಸಾಮಾನ್ಯ ಅಲಾಯ್ ರಿಮ್ ತಡೆಯುವುದು 120 ಕೆ.ಜಿ. ಎಳೆತದ ತನಕ. ಚಕ್ರ ನೇರ ತಿರುಗಿತು ಅಂತ ನಿಮಗೆ ಅನುಮಾನ ಬರಲಿಲ್ಲ. ಎಲ್ಲ ಕಡೆ ಸಮ ಎಳೆದಾಗ ಚಕ್ರ ಒಡೆಯುವ ಹೊತ್ತಿಗೂ ನೇರವೇ ಇರುತ್ತದೆ.

ಆ ಫಾರ್ವರ್ಡ್ ಯಾರ ಯಾರ ಫೋನಿನಲ್ಲಿದೆಯೋ ಅವರೆಲ್ಲ ದಯವಿಟ್ಟು ಅಳಿಸಿ. 1,930 ಮೀಟರ್ ಎತ್ತರದ ಬೆಟ್ಟದಿಂದ ಇವರು ಈ ಚಕ್ರದಲ್ಲಿ ಇಳಿಯಲು ಹೊರಟಿದ್ದರು.

ದಾವಣಗೆರೆ ಸೈಕಲ್ ಪ್ರೇಮಿ: ರಿಮ್ ಬಿರುಕಿಗೆ ಎಂ-ಸೀಲ್ ಹಚ್ಚಿ ಒಂದು ದಿನ ಒಣಗಿಸಿದರೆ ಸಾಕು. ಇಲ್ಲ ಅಂದರೆ ಗ್ಯಾಸ್ ವೆಲ್ಡಿಂಗ್. ವಿಡಿಯೊ ಫಾರ್ವರ್ಡ್ ಮಾಡ್ತಿದ್ದೀನಿ, ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್ ಅಣ್ಣ: ಈಗಷ್ಟೇ ಏನು ಬರೆದೆ ನಾನು? ಎಂ-ಸೀಲ್ ನೀರಿನ ಪೈಪಿಗೆ. ನೂರು ಕೆ.ಜಿ. ಎಳೆತವನ್ನು ಅದು ಹಿಡಿಯುತ್ತದಾ? ಅಲಾಯ್ ರಿಮ್ಮಿಗೆ ಬೆಂಕಿ ತೋರಿಸಿದರೆ ಲೋಹದ ಹದ ಹೋಗಿ ಬಿರುಕಿನ ಪಕ್ಕ ಇನ್ನೂ ಮೆತ್ತಗಾಗುತ್ತದೆ. ಅಡ್ಮಿನ್, ಆ ವಿಡಿಯೊ ತೆಗೆಯಿರಿ.

ದಾವಣಗೆರೆ ಸೈಕಲ್ ಪ್ರೇಮಿ: ಒಳ್ಳೇ ಮನಸ್ಸಿನಿಂದ ಹಾಕಿದ್ದು. ಇಷ್ಟು ಖಾರ ಬೇಕಿರಲಿಲ್ಲ.

ಅಡ್ಮಿನ್: ತೆಗೆದಿದ್ದೇನೆ.

ಮಲೆನಾಡ್ ರೈಡರ್: ಸರಿ ಅಣ್ಣ, ಗಾಳಿ ಬಿಟ್ಟೆ. ಭಾನುವಾರ ಫ್ರೆಂಡ್ಸ್ ಜೊತೆ ಜೀಪಿನಲ್ಲಿ ಹೋಗುತ್ತೇನೆ. ಚಕ್ರ ಪೂರ್ತಿ ಹೊಸದೇ ಬೇಕಾ?

ಮೆಕ್ಯಾನಿಕ್ ಅಣ್ಣ: ರಿಮ್, ಕಡ್ಡಿ ಎರಡೂ ಹೊಸದು ಬೇಕು. ಹಬ್ ನೋಡಿ ಹೇಳುತ್ತೇನೆ. ಕಡ್ಡಿ ತೂತುಗಳು ಹಿಗ್ಗಿಲ್ಲದೆ, ಕೋನ್ (ಬೇರಿಂಗ್ ಗುಂಡು ಉರುಳುವ ಬಿಲ್ಲೆ) ಮೇಲೆ ಗುಳಿ ಬೀಳದೆ ಇದ್ದರೆ ಅದನ್ನೇ ಇಟ್ಟುಕೊಳ್ಳಬಹುದು. ಇಲ್ಲದಿದ್ದರೆ 36 ತೂತಿನ ಹಬ್ ಹುಡುಕೋಣ, ನಿಮ್ಮ ತೂಕಕ್ಕೆ ಆ ನಾಲ್ಕು ಕಡ್ಡಿ ಜಾಸ್ತಿ ಇರುವುದು ಒಳ್ಳೆಯದೇ. ಡಬಲ್ ವಾಲ್ (ಎರಡು ಪದರದ) ರಿಮ್, ಒಳ ಅಗಲ 25 ಎಂಎಂ, ನಿಮ್ಮ 2.25 ಟೈರಿಗೆ ಸರಿ ಹೋಗುತ್ತದೆ. ಹಿತ್ತಾಳೆ ನಿಪ್ಪಲ್. ಅಲ್ಯೂಮಿನಿಯಂ ನಿಪ್ಪಲ್ ನಿಮ್ಮ ಕಡೆಯ ಮಳೆಗೆ ಹಿಡಿದುಕೊಂಡು ಬಿಡುತ್ತದೆ. ಕಟ್ಟಿದ ಮೇಲೆ ಕಡ್ಡಿಗಳನ್ನು ಎರಡೆರಡು ಜೋಡಿ ಹಿಡಿದು ಅಂಗೈ ಕೆಂಪಾಗುವ ಹಾಗೆ ಹಿಸುಕಬೇಕು, ಟಿಣ್ ಅಂತ ಸದ್ದು ಬಂದು ಪ್ರತಿ ಕಡ್ಡಿಯೂ ತನ್ನ ಜಾಗದಲ್ಲಿ ಕೂರುತ್ತದೆ. ಅದನ್ನು ಎಷ್ಟೋ ಜನ ಮಾಡುವುದೇ ಇಲ್ಲ. ನೂರೈವತ್ತು ಕಿ.ಮೀ. ಓಡಿಸಿ ಒಮ್ಮೆ ತೋರಿಸಿ, ಆಮೇಲೆ ನಿಪ್ಪಲ್ ಕೀ ಮುಟ್ಟಬೇಡಿ. ವಾಟರ್ ಸರ್ವಿಸ್‌ನಲ್ಲಿ ಹಬ್ಬಿಗೆ ನೇರ ನೀರು ಹೊಡೆಸಬೇಡಿ.

ಹಾಸನ ಹುಡುಗ: ಅಣ್ಣ ನನ್ನದೂ ಎಡಗಡೆಯವೇ ಮುರೀತಿರೋದು. ಈಗ ನೋಡಿದೆ.

ಮೆಕ್ಯಾನಿಕ್ ಅಣ್ಣ: ಹಾಗಾದರೆ ಮೇಲೆ ಬರೆದದ್ದೇ. ಆ ಬದಿಯವೆಲ್ಲ ಬದಲಾಯಿಸಿ, ಬಿಗಿ ಮೀಟರ್ ಇರುವವರ ಹತ್ತಿರ ಹೋಗಿ.

ಯಲಹಂಕ ರೈಡರ್: ಯಾವ ಬ್ರಾಂಡ್ ಅಂತ ಯಾರೂ ಹೇಳಲೇ ಇಲ್ಲ.

ನಂದಿ ಬೆಳಗು: ನನ್ನ ಪ್ರಶ್ನೆ ಮೂರನೇ ಸಲ. ಟ್ಯೂಬ್‌ಲೆಸ್.

ಮೆಕ್ಯಾನಿಕ್ ಅಣ್ಣ: ಮಲೆನಾಡಿನವರೇ, ಟೈರ್, ಟ್ಯೂಬ್, ಡಿಸ್ಕ್, ಕ್ಯಾಸೆಟ್ ಬಿಚ್ಚಿಟ್ಟುಕೊಳ್ಳಿ. ಬರೀ ಚಕ್ರವನ್ನು ರಟ್ಟಿನಲ್ಲಿ ಸುತ್ತಿ ನಾಳೆ ಮೈಸೂರು ಬಸ್ಸಿನ ಪಾರ್ಸೆಲ್ಲಿಗೆ ಹಾಕಿ. ಕಡ್ಡಿ ಯಾವುದನ್ನೂ ಸಡಿಲಿಸಬೇಡಿ, ಎರಡೂ ಬದಿಯ ಬಿಗಿ ಎಷ್ಟಿತ್ತು ಅಂತ ನಾನು ಅಳೆದು ನೋಡಬೇಕು.